ದ್ವಿತೀಯ ಪಿ.ಯು.ಸಿ. ನಂತರದ ವ್ಯಾಸಂಗ ಮತ್ತು ವೃತ್ತಿಯನ್ನು ಗಮನದಲ್ಲಿರಿಸಿ ವಿಷಯ ಸಂಯೋಜನೆಯ ಆಯ್ಕೆ

ಎಸ್.ಎಸ್.ಎಲ್.ಸಿ. ಅಥವಾ ತತ್ಸಮಾನ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಪ್ರಥಮ ಪಿ.ಯು.ಸಿ. ತರಗತಿಗೆ ಪ್ರವೇಶ ಬಯಸುವ ವಿದ್ಯಾರ್ಥಿಯು ಅರ್ಜಿಯಲ್ಲಿ ಎರಡು ಭಾಷೆಗಳನ್ನೂ ನಾಲ್ಕು ಐಚ್ಛಿಕ ವಿಷಯಗಳ ಒಂದು ಸಂಯೋಜನೆಯನ್ನೂ ನಮೂದಿಸಬೇಕಾಗುತ್ತದೆ. ಪ್ರತಿ ವಿಷಯಕ್ಕೆ 100ರಂತೆ ಒಟ್ಟು 600 ಅಂಕಗಳು. ಅರ್ಜಿಯಲ್ಲಿ ಸಂಯೋಜನೆಗೆಂದು ಮೀಸಲಾಗಿರುವುದು ಒಂದೇ ಅಂಕಣವಾದರೂ, ಎರಡು ವರ್ಷಗಳ ತರುವಾಯ ಯಾವ ಪದವಿಗೆ ಅರ್ಜಿ ಸಲ್ಲಿಸಲು ಅರ್ಹತೆ ಇರುತ್ತದೆ, ಯಾವುದಕ್ಕೆ ಇರುವುದಿಲ್ಲ ಎಂಬುದು ಬಹುಮಟ್ಟಿಗೆ ಅದರಿಂದಲೇ ನಿರ್ಧಾರವಾಗುತ್ತದೆ. ಫಲಿತಾಂಶ ಪ್ರಕಟವಾದ ಕೆಲವೇ ವಾರಗಳಲ್ಲಿ ಈ ನಿರ್ಧಾರ ಕೈಗೊಳ್ಳಬೇಕಾಗಿರುವುದರಿಂದ ಪೋಷಕರ ಹಾಗೂ ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಸಾಮಾನ್ಯವಾಗಿ ಮೊದಲು ಕಾಲೇಜನ್ನು, ಆನಂತರ ಅಲ್ಲಿ ಲಭ್ಯವಿರುವ ಸಂಯೋಜನೆಯನ್ನು, ಕೊನೆಗೆ ಪದವಿಯನ್ನು ಕುರಿತು ಯೋಚಿಸುವ ರೂಢಿಯಿದೆ. ಇದರ ವಿಲೋಮ ಕ್ರಮವೇ ಸರಿಯಾದುದು. ವಿದ್ಯಾರ್ಥಿಗೆ ಆಸಕ್ತಿಯಿರುವ ಎರಡು ಅಥವಾ ಮೂರು ಪದವಿಗಳನ್ನು ಗುರುತಿಸಿ, ಅವುಗಳ ಪ್ರವೇಶಕ್ಕೆ ಪಿ.ಯು.ಸಿ. ಹಂತದಲ್ಲಿ ಕಡ್ಡಾಯವಾಗಿರುವ ವಿಷಯಗಳನ್ನು ಬರೆದುಕೊಂಡು, ಅವೆಲ್ಲವನ್ನೂ ಒಳಗೊಂಡ ಸಂಯೋಜನೆಯನ್ನು ಹುಡುಕತಕ್ಕದ್ದು. ಹದಿನಾರರ ವಯಸ್ಸಿನಲ್ಲಿ ಒಂದೇ ಗುರಿ ಖಚಿತವಾಗಿರಬೇಕೆಂದು ನಿರೀಕ್ಷಿಸುವುದು ಸಾಧುವಲ್ಲ. ಯಾವ ವಿಷಯವನ್ನು ಬಿಟ್ಟರೆ ಯಾವ ಮಾರ್ಗ ಮುಚ್ಚುತ್ತದೆ ಎಂಬುದು ತಿಳಿದಿದ್ದರೆ ಸಾಕಾಗುತ್ತದೆ.

ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು ಓದುವ ಬಗೆ

ಹೆಚ್ಚು ಶೇಕಡಾವಾರು ಅಂಕ ಪಡೆದವರು ವಿಜ್ಞಾನಕ್ಕೆ, ಮಧ್ಯಮ ಅಂಕ ಪಡೆದವರು ವಾಣಿಜ್ಯಕ್ಕೆ, ಉಳಿದವರು ಕಲಾ ವಿಭಾಗಕ್ಕೆ ಎಂಬ ವಿಂಗಡಣೆ ಅನೇಕ ಕುಟುಂಬಗಳಲ್ಲಿ ಬೇರೂರಿದೆ. ಇದಕ್ಕೆ ಯಾವ ನಿಯಮದ ಆಧಾರವೂ ಇರುವುದಿಲ್ಲ. 625 ಅಂಕಗಳ ಅಂಕಪಟ್ಟಿಯಲ್ಲಿ ಪ್ರಥಮ ಭಾಷೆಗೆ 125, ದ್ವಿತೀಯ ಮತ್ತು ತೃತೀಯ ಭಾಷೆಗಳಿಗೆ ತಲಾ 100, ಹೀಗೆ ಭಾಷೆಗಳಿಗೇ 325 ಅಂಕಗಳು ಸೇರುತ್ತವೆ. ಎಂದರೆ ಒಟ್ಟು ಅಂಕಗಳ ಅರ್ಧಕ್ಕಿಂತ ಹೆಚ್ಚು ಭಾಗ ಭಾಷೆಗಳದ್ದು. ಗಣಿತ ಹಾಗೂ ವಿಜ್ಞಾನ ಎರಡೂ ಸೇರಿ 200 ಮಾತ್ರ. ಆದುದರಿಂದ ಶೇ. 90 ಪಡೆದ ವಿದ್ಯಾರ್ಥಿಯ ಗಣಿತದ ಅಂಕ 70 ಆಗಿರಲು ಸಾಧ್ಯ, ಶೇ. 78 ಪಡೆದವರ ಗಣಿತದ ಅಂಕ 95 ಆಗಿರಲೂ ಸಾಧ್ಯ. ವಿಭಾಗವನ್ನು ನಿರ್ಧರಿಸುವಾಗ ಒಟ್ಟು ಶೇಕಡಾವಾರಿಗಿಂತ ವಿಷಯವಾರು ಅಂಕಗಳನ್ನೂ, ಅದಕ್ಕಿಂತ ಮಿಗಿಲಾಗಿ ಶಾಲೆಯ ವಿಷಯ ಶಿಕ್ಷಕರ ಅಭಿಪ್ರಾಯವನ್ನೂ ಪರಿಗಣಿಸುವುದು ಸೂಕ್ತ.

ವಿಜ್ಞಾನ ವಿಭಾಗ: ನಾಲ್ಕನೆಯ ವಿಷಯದ ಪ್ರಶ್ನೆ

ವಿಜ್ಞಾನ ವಿಭಾಗದ ಪ್ರಚಲಿತ ಸಂಯೋಜನೆಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಹಾಗೂ ಗಣಿತ ಸಮಾನವಾಗಿರುತ್ತವೆ. ನಾಲ್ಕನೆಯದು ಜೀವಶಾಸ್ತ್ರವಾದಲ್ಲಿ ಪಿ.ಸಿ.ಎಂ.ಬಿ., ಗಣಕ ವಿಜ್ಞಾನವಾದಲ್ಲಿ ಪಿ.ಸಿ.ಎಂ.ಸಿ., ಎಲೆಕ್ಟ್ರಾನಿಕ್ಸ್ ಆದಲ್ಲಿ ಪಿ.ಸಿ.ಎಂ.ಇ., ಸಂಖ್ಯಾಶಾಸ್ತ್ರವಾದಲ್ಲಿ ಪಿ.ಸಿ.ಎಂ.ಎಸ್. ಎಂದು ಕರೆಯುವುದು ವಾಡಿಕೆ. ಹೆಚ್ಚಿನ ಗೊಂದಲ ಉಂಟಾಗುವುದು ಈ ನಾಲ್ಕನೆಯ ವಿಷಯದಲ್ಲಿಯೇ.

ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಓದಲು ಪಿ.ಯು.ಸಿ.ಯಲ್ಲಿ ಗಣಕ ವಿಜ್ಞಾನ ಓದಿರಲೇಬೇಕು ಎಂಬ ಭಾವನೆ ವ್ಯಾಪಕವಾಗಿದೆ. ಇದು ತಪ್ಪು. ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಎಂಜಿನಿಯರಿಂಗ್ ಪ್ರವೇಶ ಬಯಸುವವರಿಗೆ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ಮೂರನೆಯದಾಗಿ ರಸಾಯನಶಾಸ್ತ್ರ, ಜೀವಶಾಸ್ತ್ರ, ಜೈವಿಕ ತಂತ್ರಜ್ಞಾನ, ಎಲೆಕ್ಟ್ರಾನಿಕ್ಸ್, ಗಣಕ ವಿಜ್ಞಾನ ಇವುಗಳ ಪೈಕಿ ಒಂದು ಇರಬೇಕು. ಈ ಮೂರು ವಿಷಯಗಳಲ್ಲಿ ಸಾಮಾನ್ಯ ವರ್ಗದವರು ಒಟ್ಟಾರೆ ಶೇ. 45, ಮೀಸಲಾತಿ ವರ್ಗದವರು ಶೇ. 40 ಅಂಕ ಗಳಿಸಿರಬೇಕು. ರ‍್ಯಾಂಕನ್ನಾದರೋ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಪಿ.ಯು.ಸಿ. ಅಂಕಗಳನ್ನು ಹಾಗೂ ಪ್ರವೇಶ ಪರೀಕ್ಷೆಯ ಅಂಕಗಳನ್ನು ಸಮಪ್ರಮಾಣದಲ್ಲಿ ಪರಿಗಣಿಸಿ ನೀಡಲಾಗುತ್ತದೆ. ಹೀಗಾಗಿ ಪಿ.ಸಿ.ಎಂ.ಬಿ. ಓದಿದ ವಿದ್ಯಾರ್ಥಿಗೂ ಪಿ.ಸಿ.ಎಂ.ಸಿ. ಓದಿದ ವಿದ್ಯಾರ್ಥಿಗೂ ಎಂಜಿನಿಯರಿಂಗ್‌ನ ಯಾವ ಶಾಖೆಗಾದರೂ ಸಮಾನ ಅವಕಾಶವಿರುತ್ತದೆ. ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಗೆ ಜೆ.ಇ.ಇ. ಮೇನ್, ಧಾರವಾಡದ ಐ.ಐ.ಟಿ.ಗೆ ಜೆ.ಇ.ಇ. ಅಡ್ವಾನ್ಸ್ಡ್ ಪರೀಕ್ಷೆಯ ಮೂಲಕವೇ ಪ್ರವೇಶ ದೊರೆಯುತ್ತದೆ. ರಾಜ್ಯದ ಪ್ರವೇಶ ಪರೀಕ್ಷೆಯ ರ‍್ಯಾಂಕ್ ಅಲ್ಲಿ ಅನ್ವಯಿಸುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ಜೀವಶಾಸ್ತ್ರವನ್ನು ಬಿಟ್ಟವರಿಗೆ ವೈದ್ಯಕೀಯ, ದಂತ ವೈದ್ಯಕೀಯ, ಆಯುರ್ವೇದ, ಹೋಮಿಯೋಪತಿ, ಪಶುವೈದ್ಯಕೀಯ ಹಾಗೂ ಬಿ.ಎಸ್ಸಿ. ನರ್ಸಿಂಗ್ ಪದವಿಗಳ ಅರ್ಹತೆ ತಪ್ಪಿಹೋಗುತ್ತದೆ. ನೀಟ್ ಪರೀಕ್ಷೆಯ 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದೇ ಆಗಿವೆ. ಪಿ.ಸಿ.ಎಂ.ಸಿ. ಸೇರಿ ದ್ವಿತೀಯ ವರ್ಷದಲ್ಲಿ ವೈದ್ಯಕೀಯದತ್ತ ಮನಸ್ಸು ತಿರುಗಿಸುವ ವಿದ್ಯಾರ್ಥಿಗಳು ಇಲ್ಲದಿಲ್ಲ. ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ತೇರ್ಗಡೆ ಹೊಂದಿದವರಿಗೂ ನೀಟ್ ಬರೆಯಲು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ನವೆಂಬರ್‌ನಲ್ಲಿ ಅವಕಾಶ ಕಲ್ಪಿಸಿದೆ. ಆದರೆ ಎರಡು ವರ್ಷಗಳ ಪಠ್ಯವನ್ನು ಪ್ರತ್ಯೇಕವಾಗಿ ಅಭ್ಯಸಿಸಿ, ಪ್ರಾಯೋಗಿಕ ಪರೀಕ್ಷೆಯನ್ನೂ ಪೂರೈಸಿ, ಆ ಬಳಿಕ ನೀಟ್‌ಗೆ ಸಿದ್ಧರಾಗುವಷ್ಟರಲ್ಲಿ ಸಾಮಾನ್ಯವಾಗಿ ಒಂದು ಶೈಕ್ಷಣಿಕ ವರ್ಷ ಕಳೆದುಹೋಗುತ್ತದೆ. ಕೂಲಿ ಅಥವಾ ಕೃಷಿಯನ್ನು ಅವಲಂಬಿಸಿದ ಕುಟುಂಬಕ್ಕೆ ಆ ಒಂದು ವರ್ಷ ಸಣ್ಣದಲ್ಲ.

ಹಾಗೆಂದು ಎಲ್ಲರೂ ಪಿ.ಸಿ.ಎಂ.ಬಿ. ಆಯ್ದುಕೊಳ್ಳುವುದು ಪರಿಹಾರವಲ್ಲ. ಎರಡೂ ಮಾರ್ಗಗಳು ತೆರೆದಿರುತ್ತವೆ ಎಂಬುದು ಅದರ ಲಾಭ. ಓದಿನ ಹೊರೆ ಹೆಚ್ಚು ಎಂಬುದು ಅದರ ಬೆಲೆ. ಜೀವಶಾಸ್ತ್ರದಲ್ಲಿ ಆಸಕ್ತಿಯೇ ಇಲ್ಲದ ವಿದ್ಯಾರ್ಥಿ ಗಣಕ ವಿಜ್ಞಾನವನ್ನೋ ಸಂಖ್ಯಾಶಾಸ್ತ್ರವನ್ನೋ ಓದಿ, ಉಳಿದ ಸಮಯವನ್ನು ಗಣಿತ ಹಾಗೂ ಭೌತಶಾಸ್ತ್ರಕ್ಕೆ ವಿನಿಯೋಗಿಸುವುದು ಹೆಚ್ಚು ಪ್ರಯೋಜನಕಾರಿ. ನಿರ್ಧಾರಕ್ಕೆ ಬಾರದವರು ಮಾತ್ರ ಪಿ.ಸಿ.ಎಂ.ಬಿ. ಕುರಿತು ಯೋಚಿಸಬಹುದು.

ಕೆಲವು ಪದವಿಗಳ ಅರ್ಹತೆ ಈ ಎರಡು ಗುಂಪುಗಳ ನಡುವೆ ಬರುತ್ತದೆ. ಬಿ.ಫಾರ್ಮ. ಪದವಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರದೊಂದಿಗೆ ಗಣಿತ ಅಥವಾ ಜೀವಶಾಸ್ತ್ರ ಯಾವುದಿದ್ದರೂ ಸಾಕು. ವಾಸ್ತುಶಿಲ್ಪ ಪದವಿಗೆ ಭೌತಶಾಸ್ತ್ರ ಹಾಗೂ ಗಣಿತ ಕಡ್ಡಾಯವಾಗಿದ್ದು, ನಾಟಾ ಪರೀಕ್ಷೆಯನ್ನು ಅಥವಾ ಜೆ.ಇ.ಇ. ಮೇನ್‌ನ ವಾಸ್ತುಶಿಲ್ಪ ಪತ್ರಿಕೆಯನ್ನು ಬರೆಯಬೇಕಾಗುತ್ತದೆ. ಬೆಂಗಳೂರು, ಧಾರವಾಡ, ರಾಯಚೂರು ಹಾಗೂ ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಗಳ ಬಿ.ಎಸ್ಸಿ. ಕೃಷಿ ಪದವಿಯನ್ನು ಗುರಿಯಾಗಿ ಇರಿಸಿಕೊಂಡವರು ಜೀವಶಾಸ್ತ್ರವನ್ನು ಬಿಡುವಂತಿಲ್ಲ. ಕೃಷಿ ಎಂಜಿನಿಯರಿಂಗ್ ಬಯಸುವವರಿಗೆ ಗಣಿತ ಬೇಕು. ರೈತರ ಮಕ್ಕಳಿಗೆ ಕೃಷಿ ಪದವಿಗಳಲ್ಲಿ ಪ್ರತ್ಯೇಕ ಕೋಟಾ ಇದ್ದು, ಅದಕ್ಕಾಗಿ ಕೃಷಿ ಪ್ರಾಯೋಗಿಕ ಪರೀಕ್ಷೆಗೆ ಹಾಜರಾಗಬೇಕಾಗುತ್ತದೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಭೂಸೇನಾ ವಿಭಾಗಕ್ಕೆ ಯಾವುದೇ ವಿಭಾಗದಲ್ಲಿ ಓದಿದವರು ಅರ್ಜಿ ಸಲ್ಲಿಸಬಹುದು. ನೌಕಾಸೇನೆ ಮತ್ತು ವಾಯುಸೇನೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು.

ವಾಣಿಜ್ಯ ವಿಭಾಗ

ಲೆಕ್ಕಶಾಸ್ತ್ರ ಹಾಗೂ ವ್ಯವಹಾರ ಅಧ್ಯಯನ ಈ ವಿಭಾಗದ ತಳಹದಿ. ಅವುಗಳೊಂದಿಗೆ ಇತಿಹಾಸ ಮತ್ತು ಅರ್ಥಶಾಸ್ತ್ರ ಸೇರಿದರೆ ಎಚ್.ಇ.ಬಿ.ಎ., ಇತಿಹಾಸದ ಬದಲು ಸಂಖ್ಯಾಶಾಸ್ತ್ರ ಬಂದರೆ ಎಸ್.ಇ.ಬಿ.ಎ., ಗಣಕ ವಿಜ್ಞಾನ ಬಂದರೆ ಸಿ.ಇ.ಬಿ.ಎ. ಕೆಲವು ಕಾಲೇಜುಗಳಲ್ಲಿ ಮೂಲ ಗಣಿತವನ್ನೊಳಗೊಂಡ ಸಂಯೋಜನೆಯೂ ಲಭ್ಯವಿದೆ. ಬಿ.ಕಾಂ. ಪ್ರವೇಶಕ್ಕೆ ಇವುಗಳಲ್ಲಿ ಯಾವುದಾದರೂ ಸಾಲುತ್ತದೆ. ವ್ಯತ್ಯಾಸ ಕಾಣಿಸಿಕೊಳ್ಳುವುದು ಮುಂದಿನ ಹಂತದಲ್ಲಿ. ಲೆಕ್ಕ ಪರಿಶೋಧಕರ ಸಿ.ಎ. ಫೌಂಡೇಷನ್ ಪರೀಕ್ಷೆಯನ್ನು ಯಾವುದೇ ವಿಭಾಗದ ಪಿ.ಯು.ಸಿ. ಉತ್ತೀರ್ಣರು ಬರೆಯಬಹುದಾದರೂ, ಅದರ ನಾಲ್ಕು ಪತ್ರಿಕೆಗಳಲ್ಲಿ ಒಂದು ವ್ಯವಹಾರ ಗಣಿತ, ತಾರ್ಕಿಕ ಚಿಂತನೆ ಹಾಗೂ ಸಂಖ್ಯಾಶಾಸ್ತ್ರಕ್ಕೆ ಸಂಬಂಧಿಸಿದೆ. ತಪ್ಪು ಉತ್ತರಕ್ಕೆ ಅಂಕ ಕಡಿತವೂ ಇದೆ. ಪ್ರತಿ ಪತ್ರಿಕೆಯಲ್ಲಿ ಕನಿಷ್ಠ ಶೇ. 40, ಒಟ್ಟಾರೆ ಶೇ. 50 ಪಡೆಯಬೇಕಾಗಿರುವುದರಿಂದ ಎಸ್.ಎಸ್.ಎಲ್.ಸಿ.ಯ ಬಳಿಕ ಗಣಿತವನ್ನು ಪೂರ್ಣವಾಗಿ ಕೈಬಿಟ್ಟವರಿಗೆ ಈ ಪತ್ರಿಕೆ ತೊಡಕಾಗುವ ಸಂಭವವಿದೆ. ಸಿ.ಎ. ಗುರಿಯುಳ್ಳವರು ಸಂಖ್ಯಾಶಾಸ್ತ್ರ ಅಥವಾ ಮೂಲ ಗಣಿತವಿರುವ ಸಂಯೋಜನೆಗೆ ಆದ್ಯತೆ ನೀಡುವುದು ಒಳಿತು. ಬಿ.ಸಿ.ಎ. ಪದವಿಗೆ ಗಣಿತ ಅಥವಾ ಗಣಕ ವಿಜ್ಞಾನ ಓದಿರಬೇಕೇ ಎಂಬುದು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಭಿನ್ನವಾಗಿರುತ್ತದೆ.

ವಾಣಿಜ್ಯ ವಿಭಾಗದ ಮೂಲ ಗಣಿತವು ವಿಜ್ಞಾನ ವಿಭಾಗದ ಗಣಿತಕ್ಕೆ ಸಮಾನವಲ್ಲ ಎಂಬುದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಅದನ್ನು ಓದಿದ ಮಾತ್ರಕ್ಕೆ ಎಂಜಿನಿಯರಿಂಗ್‌ಗೆ ಅರ್ಹತೆ ದೊರೆಯುವುದಿಲ್ಲ.

ಕಲಾ ವಿಭಾಗ

ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳ ಎಚ್.ಇ.ಪಿ.ಎಸ್. ಸಂಯೋಜನೆ ಬಹುತೇಕ ಸರ್ಕಾರಿ ಪದವಿ ಪೂರ್ವ ಕಾಲೇಜುಗಳಲ್ಲಿದೆ. ಐಚ್ಛಿಕ ಕನ್ನಡ, ಭೂಗೋಳಶಾಸ್ತ್ರ, ಮನಃಶಾಸ್ತ್ರ, ಶಿಕ್ಷಣಶಾಸ್ತ್ರಗಳನ್ನೊಳಗೊಂಡ ಸಂಯೋಜನೆಗಳು ಕೆಲವೆಡೆ ಲಭ್ಯ. ಐದು ವರ್ಷಗಳ ಸಮಗ್ರ ಕಾನೂನು ಪದವಿಗೆ ಯಾವುದೇ ವಿಭಾಗದವರು ಅರ್ಹರು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಗೂ ಕರ್ನಾಟಕ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರ್ಸ್ ಪರೀಕ್ಷೆಗೂ ಯಾವುದಾದರೊಂದು ಪದವಿ ಸಾಕು. ಈ ಪರೀಕ್ಷೆಗಳ ಸಾಮಾನ್ಯ ಅಧ್ಯಯನ ಪತ್ರಿಕೆಗಳಲ್ಲಿ ಇತಿಹಾಸ, ಸಂವಿಧಾನ, ಅರ್ಥವ್ಯವಸ್ಥೆಗಳು ಪ್ರಧಾನವಾಗಿರುವುದರಿಂದ ಕಲಾ ವಿಭಾಗದ ವಿದ್ಯಾರ್ಥಿಗೆ ಹದಿನೇಳನೆಯ ವಯಸ್ಸಿನಿಂದಲೇ ಬುನಾದಿ ದೊರೆತಂತಾಗುತ್ತದೆ. ಶುಶ್ರೂಷಾ ವೃತ್ತಿಯಲ್ಲಿ ಆಸಕ್ತಿಯಿದ್ದು ವಿಜ್ಞಾನ ಓದದವರಿಗೆ ಜಿ.ಎನ್.ಎಂ. ಡಿಪ್ಲೊಮಾದ ಮಾರ್ಗ ತೆರೆದಿದೆ. ಅರ್ಥಶಾಸ್ತ್ರದಲ್ಲಿ ಉನ್ನತ ವ್ಯಾಸಂಗ ಬಯಸುವವರು ಮಾತ್ರ ಒಂದು ಸಂಗತಿಯನ್ನು ಅರಿತಿರಬೇಕು: ದೆಹಲಿ ವಿಶ್ವವಿದ್ಯಾಲಯವೂ ಸೇರಿದಂತೆ ಕೆಲವು ಸಂಸ್ಥೆಗಳು ಅರ್ಥಶಾಸ್ತ್ರದ ಆನರ್ಸ್ ಪದವಿಗೆ ಗಣಿತವನ್ನು ಕಡ್ಡಾಯಗೊಳಿಸಿವೆ.

ವಿಜ್ಞಾನ ಓದಿದವರು ಪದವಿ ಹಂತದಲ್ಲಿ ಕಲೆ ಅಥವಾ ಕಾನೂನಿಗೆ ಹೋಗಬಹುದು. ಕಲಾ ಅಥವಾ ವಾಣಿಜ್ಯ ಓದಿದವರು ಎಂಜಿನಿಯರಿಂಗ್‌ಗೆ ಬರಲಾಗದು. ಇದನ್ನೇ ಕಾರಣವಾಗಿಸಿ ಆಸಕ್ತಿಯಿಲ್ಲದ ಮಕ್ಕಳನ್ನು ವಿಜ್ಞಾನಕ್ಕೆ ಸೇರಿಸುವ ಪೋಷಕರಿದ್ದಾರೆ. ಭೌತಶಾಸ್ತ್ರದಲ್ಲಿ ಅನುತ್ತೀರ್ಣನಾದ ವಿದ್ಯಾರ್ಥಿಗೆ ಯಾವ ಪದವಿಯ ಬಾಗಿಲೂ ತೆರೆದಿರುವುದಿಲ್ಲ ಎಂಬುದು ಅವರ ಗಮನದಲ್ಲಿರಬೇಕು.

ಕನ್ನಡ ಮಾಧ್ಯಮದಿಂದ ಬರುವವರು

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದವರು ಪಿ.ಯು.ಸಿ.ಯಲ್ಲಿ ಅದನ್ನು ಬಹುತೇಕ ಇಂಗ್ಲಿಷ್‌ನಲ್ಲಿ ಓದಬೇಕಾಗುತ್ತದೆ. ಮೊದಲ ಮೂರು ನಾಲ್ಕು ತಿಂಗಳು ಎದುರಾಗುವ ತೊಂದರೆ ಬಹುಪಾಲು ಪಾರಿಭಾಷಿಕ ಪದಗಳದ್ದು. ಅದನ್ನು ವಿಷಯ ಗ್ರಹಣ ಶಕ್ತಿಯ ಕೊರತೆಯೆಂದು ಭಾವಿಸಿ ವಿಭಾಗ ಬದಲಿಸುವುದು ಅವಸರದ ಕ್ರಮವಾಗುತ್ತದೆ. ನೀಟ್ ಪ್ರಶ್ನೆಪತ್ರಿಕೆ 2017ರಿಂದ, ಜೆ.ಇ.ಇ. ಮೇನ್ ಪ್ರಶ್ನೆಪತ್ರಿಕೆ 2021ರಿಂದ ಕನ್ನಡದಲ್ಲಿಯೂ ಲಭ್ಯವಿದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ವ್ಯಾಸಂಗ ಮಾಡಿದವರಿಗೆ ರಾಜ್ಯದ ವೃತ್ತಿಪರ ಪದವಿಗಳ ಸರ್ಕಾರಿ ಸೀಟುಗಳಲ್ಲಿ ಶೇ. 5, ಗ್ರಾಮೀಣ ಪ್ರದೇಶದಲ್ಲಿ ವ್ಯಾಸಂಗ ಮಾಡಿದವರಿಗೆ ಶೇ. 15 ಮೀಸಲಾತಿ ಇರುತ್ತದೆ. ಇದಕ್ಕೆ ಬೇಕಾದ ವ್ಯಾಸಂಗ ಪ್ರಮಾಣ ಪತ್ರಗಳನ್ನು ಪ್ರೌಢಶಾಲೆಯನ್ನು ಬಿಡುವಾಗಲೇ ಪಡೆದಿಟ್ಟುಕೊಳ್ಳುವುದು ಅನುಕೂಲಕರ. ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳು 371(ಜೆ) ಅನುಚ್ಛೇದದ ಅರ್ಹತಾ ಪ್ರಮಾಣ ಪತ್ರವನ್ನು ಸಂಬಂಧಪಟ್ಟ ಸಹಾಯಕ ಆಯುಕ್ತರಿಂದ, ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳನ್ನು ಎಲ್ಲ ಅರ್ಜಿದಾರರು ನಾಡಕಚೇರಿಯಿಂದ ಪಡೆಯತಕ್ಕದ್ದು.

ಸಂಯೋಜನೆ ಲಭ್ಯವಿಲ್ಲದಿದ್ದಲ್ಲಿ ಹಾಗೂ ಬದಲಾವಣೆ

ಎಲ್ಲ ಕಾಲೇಜುಗಳಲ್ಲಿಯೂ ಎಲ್ಲ ಸಂಯೋಜನೆಗಳು ಇರುವುದಿಲ್ಲ. ಸಮೀಪದ ಕಾಲೇಜಿನಲ್ಲಿ ಪಿ.ಸಿ.ಎಂ.ಬಿ. ಮಾತ್ರವಿದ್ದು ಎಂಜಿನಿಯರಿಂಗ್ ಗುರಿಯಾಗಿದ್ದಲ್ಲಿ, ಗಣಕ ವಿಜ್ಞಾನಕ್ಕಾಗಿಯೇ ದೂರದ ಪಟ್ಟಣಕ್ಕೆ ಹೋಗುವ ಅಗತ್ಯವಿಲ್ಲ ಎಂಬುದು ಮೇಲಿನ ವಿವರಗಳಿಂದ ಸ್ಪಷ್ಟ. ಸಮೀಪದಲ್ಲಿ ವಿಜ್ಞಾನ ವಿಭಾಗವೇ ಇಲ್ಲದಿದ್ದು ತಾಂತ್ರಿಕ ಶಿಕ್ಷಣ ಬಯಸುವವರು ಎಸ್.ಎಸ್.ಎಲ್.ಸಿ. ಆಧಾರದ ಮೇಲೆ ಮೂರು ವರ್ಷಗಳ ಪಾಲಿಟೆಕ್ನಿಕ್ ಡಿಪ್ಲೊಮಾ ಸೇರಬಹುದು. ಡಿಪ್ಲೊಮಾ ಬಳಿಕ ಡಿ.ಸಿ.ಇ.ಟಿ. ಬರೆದು ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರ ಪ್ರವೇಶ ಪಡೆಯಲು ಅವಕಾಶವಿದೆ.

ಪ್ರವೇಶದ ನಂತರ ಸಂಯೋಜನೆ ಬದಲಿಸಬೇಕೆನಿಸಿದಲ್ಲಿ ಪ್ರಥಮ ಪಿ.ಯು.ಸಿ.ಯ ಆರಂಭದ ದಿನಗಳಲ್ಲಿಯೇ, ಆ ಸಾಲಿನ ಪ್ರವೇಶ ಮಾರ್ಗಸೂಚಿಯಲ್ಲಿ ನಿಗದಿಪಡಿಸಿದ ಅವಧಿಯೊಳಗೆ, ಪೋಷಕರ ಸಹಿಯೊಂದಿಗೆ ಪ್ರಾಂಶುಪಾಲರಿಗೆ ಲಿಖಿತ ಮನವಿ ಸಲ್ಲಿಸತಕ್ಕದ್ದು. ದ್ವಿತೀಯ ವರ್ಷಕ್ಕೆ ಬಂದ ಮೇಲೆ ವಿಭಾಗ ಬದಲಿಸುವುದೆಂದರೆ ಪ್ರಥಮ ವರ್ಷದಿಂದ ಪುನಃ ಆರಂಭಿಸುವುದೇ ಆಗುತ್ತದೆ. ಪದವಿ ಪ್ರವೇಶದ ಅರ್ಹತಾ ನಿಯಮಗಳು ವರ್ಷದಿಂದ ವರ್ಷಕ್ಕೆ ಪರಿಷ್ಕೃತವಾಗುವುದರಿಂದ ಆಯಾ ಸಾಲಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಿಕೆಯನ್ನು ಪರಿಶೀಲಿಸತಕ್ಕದ್ದು. ಸಂಯೋಜನೆಗಳ ಲಭ್ಯತೆಯ ಬಗ್ಗೆ ಸಂಬಂಧಪಟ್ಟ ಕಾಲೇಜಿನ ಪ್ರಾಂಶುಪಾಲರನ್ನು ಅಥವಾ ಜಿಲ್ಲೆಯ ಪದವಿ ಪೂರ್ವ ಶಿಕ್ಷಣ ವಿಭಾಗದ ಉಪನಿರ್ದೇಶಕರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.