ಬೆನ್ನುಚೀಲವನ್ನು ಕೊನೆಗೆ ಕೊಳ್ಳಿ

ತ್ರ್ಯಂಬಕೇಶ್ವರದಿಂದ ನಡೆಯಲು ಹೊರಡುವವರು ಒಂದೇ ಬಗೆಯವರಲ್ಲ. ಜ್ಯೇಷ್ಠ ಮಾಸದಲ್ಲಿ ಸಂತ ನಿವೃತ್ತಿನಾಥರ ಪಲ್ಲಕ್ಕಿಯ ಜೊತೆ ಪಂಢರಪುರದ ದಾರಿ ಹಿಡಿಯುವ ವಾರಕರಿಗಳು ಒಂದು ಬಗೆ. ಬ್ರಹ್ಮಗಿರಿ, ಅಂಜನೇರಿ, ಹರಿಹರ, ಭಾಸ್ಕರಗಡ ಎಂದು ಒಂದು ಕೋಟೆ ಇಳಿದು ಇನ್ನೊಂದು ಹತ್ತುವ ಚಾರಣಿಗರು ಇನ್ನೊಂದು ಬಗೆ. ಇಲ್ಲಿಯ ಜ್ಯೋತಿರ್ಲಿಂಗದ ದರ್ಶನ ಮಾಡಿ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ವೇರೂಳದಲ್ಲಿರುವ ಘೃಷ್ಣೇಶ್ವರನನ್ನು ನಡೆದೇ ಕಾಣಬೇಕು ಎನ್ನುವವರು ಮತ್ತೊಂದು ಬಗೆ. ನಾಸಿಕ್, ನಿಫಾಡ್, ಯೇವಲಾ, ವೈಜಾಪುರದ ಮೇಲೆ ಹೋದರೆ ಅದು ಸುಮಾರು 200 ಕಿ.ಮೀ. ದಿನಕ್ಕೆ 28–30 ಕಿ.ಮೀ. ಹಾಕಿದರೆ ಒಂದು ವಾರದ ನಡಿಗೆ. ಕೊನೆಯಲ್ಲಿ ರಾಷ್ಟ್ರಕೂಟರ ಕೈಲಾಸನಾಥ ದೇವಾಲಯವೂ ಪಕ್ಕದಲ್ಲೇ ಸಿಗುವುದರಿಂದ ಕನ್ನಡಿಗರಿಗೆ ಈ ದಾರಿಯ ಮೇಲೆ ಒಂದು ಕೈ ಹೆಚ್ಚೇ ಪ್ರೀತಿ ಇರಬೇಕು.

ಈ ಮೂವರೂ ಅಂಗಡಿಗೆ ಹೋಗಿ ‘ಒಂದು ವಾರದ ನಡಿಗೆಗೆ ಬ್ಯಾಗು ಕೊಡಿ’ ಎಂದರೆ ಮೂವರ ಮುಂದೆಯೂ ಬಂದು ಕೂರುವುದು 60 ಲೀಟರಿನ ಅದೇ ಚೀಲ. ಶಿವರಾತ್ರಿಗೆ ಬೆಂಗಳೂರಿನಿಂದ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆಯುವವರಿಗೂ, ಯುಗಾದಿಗೆ ಬಾಗಲಕೋಟೆ, ವಿಜಯಪುರದ ಕಡೆಯಿಂದ ಶ್ರೀಶೈಲಕ್ಕೆ ಹೋಗುವವರಿಗೂ ಆಗುವುದು ಇದೇ. ಚೀಲದ ಬಗ್ಗೆ ಬಾಯಿಂದ ಬಾಯಿಗೆ ಹರಡಿರುವ ಕೆಲವು ನಂಬಿಕೆಗಳನ್ನು ಇಲ್ಲಿ ಬಿಚ್ಚಿ ನೋಡೋಣ.

ತಪ್ಪು ಕಲ್ಪನೆ: ವಾರವೆಂದರೆ ದೊಡ್ಡ ಚೀಲವೇ ಬೇಕು

ವಾಸ್ತವ: ಚೀಲದ ಗಾತ್ರವನ್ನು ನಿರ್ಧರಿಸುವುದು ದಿನಗಳ ಲೆಕ್ಕವಲ್ಲ. ರಾತ್ರಿ ಎಲ್ಲಿ ಮಲಗುತ್ತೀರಿ, ಊಟ ಎಲ್ಲಿ ಸಿಗುತ್ತದೆ, ಉಳಿದ ಹೊರೆಯನ್ನು ಯಾರು ಹೊರುತ್ತಾರೆ ಎಂಬ ಮೂರು ಪ್ರಶ್ನೆಗಳೇ ಅದನ್ನು ನಿರ್ಧರಿಸುತ್ತವೆ. ವಾರಕರಿಗಳನ್ನೇ ನೋಡಿ. ಪಂಢರಪುರ ಮುಟ್ಟಲು ಅವರಿಗೆ ಒಂದು ವಾರವಲ್ಲ, ಹೆಚ್ಚುಕಡಿಮೆ ತಿಂಗಳು ಬೇಕು. ಆದರೂ ನಡೆಯುವವರ ಹೆಗಲಲ್ಲಿ ಇರುವುದು ಒಂದು ಸಣ್ಣ ಚೀಲ. ಕೈಯಲ್ಲಿ ತಾಳ ಅಥವಾ ಪತಾಕೆ, ಕೆಲವು ಹೆಂಗಸರ ತಲೆಯ ಮೇಲೆ ತುಳಸಿ ಕಟ್ಟೆ. ಹಾಸಿಗೆ, ಪಾತ್ರೆ, ದಿನಸಿ ಎಲ್ಲವೂ ಆಯಾ ದಿಂಡಿಯ, ಅಂದರೆ ಒಟ್ಟಿಗೆ ನಡೆಯುವ ತಂಡದ, ಲಾರಿಯಲ್ಲಿ. ಅಂಥ ನಡಿಗೆಗೆ 15–20 ಲೀಟರಿನ ಚೀಲ ಧಾರಾಳ.

ವೇರೂಳದ ದಾರಿಯಲ್ಲಿ ನಿಮ್ಮ ಸಾಮಾನಿಗೆ ಲಾರಿ ಇರುವುದಿಲ್ಲ, ಆದರೆ ಊರುಗಳಿವೆ. ಭಾಕರಿ ಪಿಠಲ, ಮಿಸಳ್, ವಡಾಪಾವ್ ಸಿಗುವ ದಾರಿಯಲ್ಲಿ ಅಡುಗೆಯ ಸಾಮಾನು ಹೊರುವುದು ಶುದ್ಧ ಅನುಮಾನದ ಹೊರೆ. ತೊಟ್ಟದ್ದು ಬಿಟ್ಟು ಇನ್ನೊಂದು ಜೊತೆ ಬಟ್ಟೆ, ಸ್ವೆಟರು, ಶಾಲು, ಹೊದಿಕೆ, ಚಪ್ಪಲಿ, ಔಷಧಿ, ಟಾರ್ಚು, ಚಾರ್ಜರು ಎಲ್ಲ ಸೇರಿ ನಾಲ್ಕೈದು ಕೆ.ಜಿ. ಎರಡು ಲೀಟರ್ ನೀರು ಎಂದರೆ ಎರಡು ಕೆ.ಜಿ. ಒಂದಿಷ್ಟು ಕಡಲೆ ಬೆಲ್ಲ. ಚೀಲದ ಸ್ವಂತ ತೂಕವೂ ಸೇರಿ ಎಂಟು ಕೆ.ಜಿ. ಆಸುಪಾಸು. ಇದಕ್ಕೆ 35–40 ಲೀಟರ್ ಸಾಕು. ಡೇರೆ, ಒಲೆ, ಅಕ್ಕಿ ಬೇಳೆ ಕಟ್ಟಿಕೊಂಡು ಕೋಟೆಯ ಮೇಲೇ ಮಲಗುವವರಿಗೆ ಮಾತ್ರ 50–60 ಲೀಟರ್.

ದೊಡ್ಡದು ಕೊಂಡು ಅರ್ಧ ತುಂಬಿದರಾಯಿತು ಎಂಬ ವಾದ ಕೇಳಲು ಚೆಂದ. ಆದರೆ ಅರ್ಧ ಖಾಲಿ ಚೀಲವನ್ನು ಕಂಡು ಸುಮ್ಮನಿರುವ ಮನೆ ಕರ್ನಾಟಕದಲ್ಲಿ ಎಲ್ಲಿದೆ? ಚಕ್ಕುಲಿ ಡಬ್ಬಿ, ಇನ್ನೊಂದು ಟವೆಲು, ‘ಇರಲಿ’ ಎಂದು ಒಂದು ಜಮಖಾನೆ. ಅದಕ್ಕೇ ಹೇಳುವುದು: ಮೊದಲು ಸಾಮಾನನ್ನು ಹಾಸಿನ ಮೇಲೆ ಹರಡಿ, ತೂಗಿ, ಬೇಡದ್ದನ್ನು ತೆಗೆದು, ಆಮೇಲೆ ಅದಕ್ಕೆ ತಕ್ಕ ಚೀಲ ಹುಡುಕಬೇಕು.

ತಪ್ಪು ಕಲ್ಪನೆ: ಭಾರ ಹೊರುವುದು ಹೆಗಲು, ಪಟ್ಟಿ ದಪ್ಪಗೆ, ಮೆತ್ತಗೆ ಇದ್ದರಾಯಿತು

ವಾಸ್ತವ: ನೋವುಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ನಂಬಿಕೆಯಿಂದಲೇ. ಒಳ್ಳೆಯ ಬೆನ್ನುಚೀಲದಲ್ಲಿ ಭಾರದ ಬಹುಪಾಲು ಇಳಿಯಬೇಕಾದದ್ದು ಸೊಂಟದ ಮೂಳೆಯ ಮೇಲೆ. ಅಲ್ಲಿಂದ ಅದು ನೇರ ಕಾಲಿಗೆ ಹೋಗುತ್ತದೆ. ಹೆಗಲಪಟ್ಟಿಯ ಕೆಲಸ ಚೀಲ ಹಿಂದಕ್ಕೆ ಬೀಳದಂತೆ ಹಿಡಿಯುವುದು. ಭಾರವನ್ನು ಸೊಂಟಕ್ಕೆ ಇಳಿಸುವ ಚೀಲಗಳನ್ನು ಅಮೆರಿಕದ ಚಾರಣಿಗರಲ್ಲಿ ಬಳಕೆಗೆ ತಂದವರಲ್ಲಿ ಡಿಕ್ ಕೆಲ್ಟಿ ಮುಖ್ಯ. 1952ರಲ್ಲಿ ಅವರು ಕ್ಯಾಲಿಫೋರ್ನಿಯಾದಲ್ಲಿ ಅಲ್ಯೂಮಿನಿಯಂ ಚೌಕಟ್ಟಿನ ಚೀಲಗಳನ್ನು ಮಾರಲು ಶುರುಮಾಡಿದರು. ಈಗಿನ ಚೀಲಗಳಲ್ಲಿ ಆ ಚೌಕಟ್ಟು ಬಟ್ಟೆಯ ಒಳಗೆ ಅಡಗಿ ಕೂತಿದೆ, ಅಷ್ಟೇ ವ್ಯತ್ಯಾಸ. ಚೌಕಟ್ಟೇ ಇಲ್ಲದ ಚೀಲಕ್ಕೆ ಅಗಲವಾದ ಸೊಂಟಪಟ್ಟಿ ಹೊಲಿದಿದ್ದರೆ ಅದು ತೋರಿಕೆಗೆ ಮಾತ್ರ. ಭಾರ ಇಳಿದು ಬರಲು ಗಟ್ಟಿಯಾದ ಒಂದು ದಾರಿ ಬೇಕಲ್ಲ?

ಪಟ್ಟಿ ಕೂರಬೇಕಾದ ಜಾಗ ಹೊಟ್ಟೆಯ ಮೇಲಲ್ಲ. ಎರಡೂ ಪಕ್ಕದಲ್ಲಿ ಕೈಯಿಟ್ಟು ಒತ್ತಿದರೆ ಸಿಗುವ ಸೊಂಟದ ಮೂಳೆಯ ಏಣು ಪಟ್ಟಿಯ ಮೆತ್ತೆಯ ನಡುವಿಗೆ ಬರಬೇಕು. ಹೊಟ್ಟೆ ಸ್ವಲ್ಪ ಮುಂದೆ ಬಂದವರು ಬಕಲನ್ನು ಹೊಟ್ಟೆಯ ಕೆಳಗೆ ಹಾಕಿಕೊಳ್ಳಲಿ, ನಾಚಿಕೆಯೇನೂ ಇಲ್ಲ. ಹಾಕಿಕೊಳ್ಳುವ ಕ್ರಮವೂ ಒಂದಿದೆ. ಎಲ್ಲ ಪಟ್ಟಿಗಳನ್ನೂ ಸಡಿಲಿಸಿ ಚೀಲ ಹೊತ್ತು, ಮೊದಲು ಸೊಂಟದ್ದನ್ನು ಬಿಗಿಯಬೇಕು. ಆಮೇಲೆ ಹೆಗಲಪಟ್ಟಿ, ಆಮೇಲೆ ಹೆಗಲ ಮೇಲಿಂದ ಚೀಲದ ನೆತ್ತಿಗೆ ಹೋಗುವ ಚಿಕ್ಕ ಪಟ್ಟಿ, ಕೊನೆಗೆ ಎದೆಯದು. ಎದೆಪಟ್ಟಿ ಭಾರ ಹೊರುವುದಿಲ್ಲ, ಹೆಗಲಪಟ್ಟಿಗಳು ಆಚೀಚೆ ಜಾರದಂತೆ ನೋಡಿಕೊಳ್ಳುತ್ತದೆ. ಉಸಿರು ಕಟ್ಟುವಂತೆ ಬಿಗಿಯುವುದು ವ್ಯರ್ಥ.

ನಮ್ಮವರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಉಡುದಾರ, ಪಂಚೆಯ ಗಂಟು, ಪ್ಯಾಂಟಿನ ಬೆಲ್ಟು, ಸೀರೆಯ ಲಂಗದ ಲಾಡಿ, ಇವೆಲ್ಲ ಇರುವುದು ಸೊಂಟಪಟ್ಟಿ ಕೂರುವ ಸುತ್ತಿನಲ್ಲೇ. ಮೇಲಿನಿಂದ ಏಳೆಂಟು ಕೆ.ಜಿ. ಒತ್ತಿದರೆ ಬೆಳ್ಳಿಯ ಉಡುದಾರ ಸಂಜೆಯೊಳಗೆ ಚರ್ಮ ತರಿಯುತ್ತದೆ. ಎಲಾಸ್ಟಿಕ್ ಇರುವ ಪೈಜಾಮ ಅಥವಾ ಟ್ರ್ಯಾಕ್ ಪ್ಯಾಂಟು ಒಳ್ಳೆಯದು. ಉಡುದಾರವನ್ನು ಒಂದು ವಾರದ ಮಟ್ಟಿಗೆ ದಾರಕ್ಕೆ ಬದಲಾಯಿಸಿಕೊಂಡರೆ ದೇವರೇನೂ ಮುನಿಯುವುದಿಲ್ಲ.

ಇನ್ನು ದಪ್ಪ ಮೆತ್ತೆ. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿದಾಗ ಹಿತವೆನಿಸುವ ಮೆದು ಸ್ಪಂಜು ಭಾರ ಬಿದ್ದ ಒಂದು ಗಂಟೆಯಲ್ಲಿ ಚಪ್ಪಟೆಯಾಗುತ್ತದೆ. ತುಸು ಗಡುಸಾದದ್ದೇ ಬಾಳುತ್ತದೆ.

ತಪ್ಪು ಕಲ್ಪನೆ: ಎತ್ತರದವರಿಗೆ ದೊಡ್ಡ ಅಳತೆ, ಗಿಡ್ಡವರಿಗೆ ಚಿಕ್ಕದು

ವಾಸ್ತವ: ಅಳೆಯಬೇಕಾದದ್ದು ಬೆನ್ನಿನ ಉದ್ದ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರದು ಉದ್ದ ಕಾಲು, ಇನ್ನೊಬ್ಬರದು ಉದ್ದ ಬೆನ್ನು ಇರಬಹುದು. ತಲೆ ಬಾಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ, ಎರಡೂ ಕೈಗಳನ್ನು ಸೊಂಟದ ಮೂಳೆಯ ಮೇಲಿಟ್ಟಾಗ ಹಿಂದೆ ಹೆಬ್ಬೆರಳುಗಳು ಸೂಚಿಸುವ ಗೆರೆಯವರೆಗೆ ದರ್ಜಿಯ ಟೇಪು ಹಿಡಿಯಿರಿ. ದೊಡ್ಡವರಲ್ಲಿ ಇದು ಸಾಮಾನ್ಯವಾಗಿ 40ರಿಂದ 53 ಸೆಂ.ಮೀ. ನಡುವೆ ಬರುತ್ತದೆ. ಚೀಲದ ಬೆನ್ನಿನ ಅಳತೆ ಇದಕ್ಕಿಂತ ಉದ್ದವಾದರೆ ಸೊಂಟಪಟ್ಟಿ ಪೃಷ್ಠಕ್ಕೆ ಜಾರುತ್ತದೆ, ಗಿಡ್ಡವಾದರೆ ಹೊಟ್ಟೆಗೆ ಏರುತ್ತದೆ. ಬೆನ್ನಿನ ಉದ್ದವನ್ನು ಹೆಚ್ಚುಕಡಿಮೆ ಮಾಡಬಲ್ಲ ಚೀಲಗಳೂ ಇವೆ. ಮನೆಯಲ್ಲಿ ಇಬ್ಬರು ಹಂಚಿಕೊಳ್ಳುವುದಾದರೆ ಅವೇ ಲೇಸು.

ಹೆಂಗಸರ ಚೀಲ ಎಂದರೆ ಗುಲಾಬಿ ಬಣ್ಣದ್ದು ಎಂಬ ನಗೆಚಾಟಿಕೆಯೂ ಇದಕ್ಕೇ ಸೇರಿದ್ದು. ಸರಿಯಾಗಿ ಮಾಡಿದ್ದರಲ್ಲಿ ಬೆನ್ನು ಗಿಡ್ಡ, ಹೆಗಲಪಟ್ಟಿಗಳು ಹತ್ತಿರ ಮತ್ತು ಎದೆಯ ಪಕ್ಕದಿಂದ ಬಾಗಿ ಬರುವಂಥವು, ಸೊಂಟಪಟ್ಟಿ ಓರೆ. ಕಿರಿದಾದ ಹೆಗಲಿನ ಗಂಡಸರಿಗೂ ಅದು ಚೆನ್ನಾಗಿ ಕೂರುತ್ತದೆ.

ತಪ್ಪು ಕಲ್ಪನೆ: ಶೆರ್ಪಾಗಳು ಅಷ್ಟು ಹೊರುತ್ತಾರೆ, ಹದಿನೈದು ಕೆ.ಜಿ. ನಮಗೆ ಯಾವ ಲೆಕ್ಕ

ವಾಸ್ತವ: 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ನೇಪಾಳದ ಹಮಾಲರ ಬಗ್ಗೆ ಒಂದು ಅಧ್ಯಯನ ಬಂತು. ಅಲ್ಲಿಯ ಗಂಡಸರು ಸರಾಸರಿ ತಮ್ಮ ಮೈತೂಕದ 90 ಪ್ರತಿಶತಕ್ಕೂ ಹೆಚ್ಚು ಭಾರವನ್ನು, ಹಣೆಗೆ ಹಾಕಿದ ಪಟ್ಟಿಯಿಂದ ಬೆನ್ನ ಮೇಲೆ ಹೊರುತ್ತಾರೆ. ಆದರೆ ಅವರು ಬಹಳ ನಿಧಾನ ನಡೆದು, ಮತ್ತೆ ಮತ್ತೆ ನಿಂತು ದಣಿವಾರಿಸಿಕೊಳ್ಳುತ್ತಾರೆ. ಅದು ಬಾಲ್ಯದಿಂದ ಬಂದ ದುಡಿಮೆಯ ಮೈ. ಕಚೇರಿಯ ಕುರ್ಚಿಯಿಂದ ಎದ್ದು ಬಂದವರಿಗೆ ಮೈತೂಕದ ಐದನೇ ಒಂದು ಭಾಗವೇ ಮೇಲಿನ ಮಿತಿ. ಗುರಿ ಅದಕ್ಕಿಂತ ಬಹಳ ಕೆಳಗಿರಲಿ. ಮೇಲೆ ಹೇಳಿದ ಎಂಟು ಕೆ.ಜಿ. 60 ಕೆ.ಜಿ. ತೂಗುವವರಿಗೆ 13 ಪ್ರತಿಶತ.

ತಪ್ಪು ಕಲ್ಪನೆ: ‘ವಾಟರ್‌ಪ್ರೂಫ್’ ಎಂದು ಬರೆದಿದೆ, ಮಳೆಕವಚವೂ ಇದೆ, ಇನ್ನೇನು ಭಯ

ವಾಸ್ತವ: ಬಟ್ಟೆ ನೀರು ತಡೆದರೂ ಹೊಲಿಗೆ ಮತ್ತು ಜಿಪ್ಪು ತಡೆಯಬೇಕಲ್ಲ. ಆಷಾಢ, ಶ್ರಾವಣದಲ್ಲಿ ತ್ರ್ಯಂಬಕಕ್ಕೆ ಬೀಳುವ ಮಳೆಗೂ ಮೂವತ್ತು ಕಿ.ಮೀ. ಆಚೆಯ ನಾಸಿಕ್ ನಗರದ ಮಳೆಗೂ ಹೋಲಿಕೆಯೇ ಇಲ್ಲ. ಇದು ಘಟ್ಟದ ನೆತ್ತಿ, ಅದು ಮಳೆಯ ನೆರಳು. ಶ್ರಾವಣ ಸೋಮವಾರದ ಬ್ರಹ್ಮಗಿರಿ ಪ್ರದಕ್ಷಿಣೆಗೆ ಹೋದವರಿಗೆ ಆ ಮಳೆಯ ಪರಿಚಯ ಇರುತ್ತದೆ. ಕವಚ ಚೀಲದ ಹೊರಮೈಯನ್ನು ಮುಚ್ಚುತ್ತದೆ, ಬೆನ್ನಿನ ಬದಿಯನ್ನಲ್ಲ. ನೀರು ಕತ್ತಿನಿಂದ ಬೆನ್ನಿಗಿಳಿದು ಅಲ್ಲಿಂದ ಚೀಲಕ್ಕೆ ಹೋಗುತ್ತದೆ. ಗಾಳಿ ಬಂದರೆ ಕವಚವೇ ಹಾರುತ್ತದೆ. ಮಲೆನಾಡಿನ ಗೊರಬಿನಂತೆ ತಲೆಯಿಂದ ಕೆಳಗೆ ಆಳನ್ನೂ ಹೊರೆಯನ್ನೂ ಒಟ್ಟಿಗೆ ಮುಚ್ಚುವ ಪಾಂಚೋ ಇದಕ್ಕಿಂತ ಮೇಲು. ಎಲ್ಲಕ್ಕಿಂತ ಖಚಿತವಾದದ್ದು ಒಳಗಿನ ಉಪಾಯ: ದಪ್ಪನೆಯ ದೊಡ್ಡ ಪ್ಲಾಸ್ಟಿಕ್ ಚೀಲವೊಂದನ್ನು ಬೆನ್ನುಚೀಲದೊಳಗೆ ಇಳಿಬಿಟ್ಟು, ಬಟ್ಟೆ ಹೊದಿಕೆಯನ್ನು ಅದರಲ್ಲಿ ತುಂಬಿ ಬಾಯಿ ತಿರುಚಿ ಮಡಚಿಡುವುದು. ಖರ್ಚು ಕೆಲವೇ ರೂಪಾಯಿ.

ನಡಿಗೆ ನವೆಂಬರ್‌ನಿಂದ ಫೆಬ್ರುವರಿಯ ಒಳಗಾದರೆ ಮಳೆಯ ಚಿಂತೆ ಬಿಡಿ, ಚಳಿಯ ಚಿಂತೆ ಮಾಡಿ. ದ್ರಾಕ್ಷಿ ತೋಟಗಳ ನಿಫಾಡ್‌ನಲ್ಲಿ ಕೆಲವು ಚಳಿಗಾಲದ ಬೆಳಗುಗಳಲ್ಲಿ ಉಷ್ಣಾಂಶ 5 ಡಿಗ್ರಿಗಿಂತ ಕೆಳಗೆ ಇಳಿದದ್ದುಂಟು. ದಕ್ಷಿಣದಿಂದ ಬಂದವರು ಮಹಾರಾಷ್ಟ್ರವೆಂದರೆ ಸೆಕೆ ಎಂದುಕೊಂಡು ತೆಳು ಶಾಲು ತರುತ್ತಾರೆ. ಚೀಲದ ಲೆಕ್ಕದಲ್ಲಿ ಬೆಚ್ಚನೆಯ ಹೊದಿಕೆಗೆ ಜಾಗ ಮೊದಲೇ ಮೀಸಲಿಡಿ.

ತಪ್ಪು ಕಲ್ಪನೆ: ಭಾರದ್ದು ತಳಕ್ಕೆ, ಹಗುರದ್ದು ಮೇಲಕ್ಕೆ

ವಾಸ್ತವ: ಇದು ಗೋಣಿಚೀಲಕ್ಕೆ, ಬಸ್ಸಿನ ಡಿಕ್ಕಿಗೆ ಸರಿ. ಬೆನ್ನುಚೀಲದ ತಳಕ್ಕೆ ಹೋಗಬೇಕಾದದ್ದು ಹೊದಿಕೆ. ನೀರು, ಆಹಾರದಂಥ ಭಾರದ ವಸ್ತುಗಳು ನಡುವಿನಲ್ಲಿ, ಬೆನ್ನಿಗೆ ಒತ್ತಿಕೊಂಡು ಇರಬೇಕು. ಭಾರ ಬೆನ್ನಿನಿಂದ ದೂರವಾದಷ್ಟೂ ಅದು ಹಿಂದಕ್ಕೆಳೆಯುತ್ತದೆ, ನೀವು ಮುಂದಕ್ಕೆ ಬಾಗುತ್ತೀರಿ, ರಾತ್ರಿ ಕತ್ತು ನೋಯುತ್ತದೆ. ಬೆನ್ನಿಗೆ ಗಾಳಿಯಾಡಲೆಂದು ಬಲೆ ಕಟ್ಟಿ, ಚೀಲವನ್ನು ನಾಲ್ಕು ಬೆರಳು ದೂರ ನಿಲ್ಲಿಸುವ ವಿನ್ಯಾಸದ ಕೊರತೆಯೂ ಇದೇ. ಹಗುರ ಹೊರೆಗೆ, ಬಿಸಿಲ ದಾರಿಗೆ ಅದು ಸುಖ. ಭಾರದ ಹೊರೆಗೆ, ಬಂಡೆಯ ದಾರಿಗೆ ಅಲ್ಲ.

ಬಂಡೆಯ ದಾರಿ ಎಂದರೇನೆಂದು ಹರಿಹರ ಕೋಟೆ ತೋರಿಸುತ್ತದೆ. ಗೋಡೆಯಂತೆ ನಿಂತ ಕಲ್ಲಿನಲ್ಲಿ ಕೊರೆದ ಮೆಟ್ಟಿಲುಗಳವು. ಕೈ ಹಿಡಿಯಲು ಅಕ್ಕಪಕ್ಕ ಗುಳಿಗಳಿವೆ. ಅಲ್ಲಿ ತಲೆಗಿಂತ ಎತ್ತರದ ಚೀಲ ಮೇಲೆ ನೋಡಲು ಬಿಡುವುದಿಲ್ಲ, ಹಿಂದಕ್ಕೂ ಜಗ್ಗುತ್ತದೆ. ಪಕ್ಕದ ಜೇಬಲ್ಲಿ ಉಬ್ಬಿದ ಬಾಟಲಿ ಬಂಡೆಗೆ ಉಜ್ಜುತ್ತದೆ. ದೊಡ್ಡ ಚೀಲವನ್ನು ಕೆಳಗೆ ನಿರ್ಗುಡಪಾಡಾ ಅಥವಾ ಹರ್ಷೇವಾಡಿಯ ಯಾವುದಾದರೂ ಮನೆಯಲ್ಲಿ ಒಪ್ಪಿಸಿ, ನೀರು ತಿಂಡಿಯ ಸಣ್ಣ ಚೀಲದೊಡನೆ ಹತ್ತುವುದೇ ಬುದ್ಧಿವಂತಿಕೆ. ಮಡಚಿದರೆ ಮುಷ್ಟಿಯಷ್ಟಾಗುವ ಚೀಲಗಳು ಸಿಗುತ್ತವೆ, ಒಂದನ್ನು ಒಳಗಿಟ್ಟುಕೊಂಡಿರಿ.

ಹೊರಗೆ ನೇತುಹಾಕುವ ಚಟವೂ ಬೇಡ. ಬ್ರಹ್ಮಗಿರಿ, ಅಂಜನೇರಿಯ ಕೋತಿಗಳಿಗೆ ಪ್ಲಾಸ್ಟಿಕ್ ಕವರಿನ ಸದ್ದು ಚೆನ್ನಾಗಿ ಗೊತ್ತು.

ತಪ್ಪು ಕಲ್ಪನೆ: ದುಬಾರಿ ಚೀಲವೇ ಹಿತವಾದ ಚೀಲ

ವಾಸ್ತವ: 1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ 67ರ ಅಜ್ಜಿ, ತಾನೇ ಹೊಲಿದ ಡೆನಿಮ್ ಚೀಲವನ್ನು ಒಂದು ಹೆಗಲಿಗೆ ಹಾಕಿಕೊಂಡು, ಬಟ್ಟೆಯ ಶೂ ತೊಟ್ಟು, ಅಮೆರಿಕದ 3,000 ಕಿ.ಮೀ.ಗೂ ಮಿಗಿಲಾದ ಅಪಲೇಷಿಯನ್ ಹಾದಿಯನ್ನು ಒಬ್ಬರೇ ನಡೆದು ಮುಗಿಸಿದರು. ಹಾಗೆಂದು ಎಲ್ಲರೂ ಒಂಟಿ ಹೆಗಲಿನ ಜೋಳಿಗೆ ಹಿಡಿಯಿರಿ ಎನ್ನುತ್ತಿಲ್ಲ. ಅವರ ಚೀಲ ಹಿತವಾಗಿದ್ದದ್ದಕ್ಕೆ ಕಾರಣ ಅದರಲ್ಲಿ ಹೆಚ್ಚೇನೂ ಇರಲಿಲ್ಲ ಎಂಬುದು. ಹಣ ಹಾಕುವುದಾದರೆ ಗಟ್ಟಿ ಬಕಲು, ಸರಾಗವಾಗಿ ಓಡುವ ಜಿಪ್ಪು, ಹೆಗಲಪಟ್ಟಿಯ ಬುಡದ ಎರಡೆಳೆ ಹೊಲಿಗೆ ನೋಡಿ ಹಾಕಿ. ಹತ್ತಾರು ಜೇಬುಗಳಿಗೆ ಹಾಕಬೇಡಿ. ಜೇಬು ಹೆಚ್ಚಿದಷ್ಟೂ ಹುಡುಕಾಟವೂ ಹೆಚ್ಚುತ್ತದೆ.

ತಪ್ಪು ಕಲ್ಪನೆ: ಅಂಗಡಿಯ ಕನ್ನಡಿಯ ಮುಂದೆ ಹಾಕಿ ನೋಡಿದರೆ ಸಾಕು

ವಾಸ್ತವ: ಖಾಲಿ ಚೀಲ ಯಾರಿಗೂ ನೋಯುವುದಿಲ್ಲ. ನಿಮ್ಮ ಸಾಮಾನನ್ನೇ ಒಂದು ಗೋಣಿಯಲ್ಲಿ ಕಟ್ಟಿಕೊಂಡು ಅಂಗಡಿಗೆ ಹೋಗಿ, ಅಲ್ಲೇ ತುಂಬಿ, ಇಪ್ಪತ್ತು ನಿಮಿಷ ಓಡಾಡಿ, ಮೆಟ್ಟಿಲಿದ್ದರೆ ಹತ್ತಿಳಿಯಿರಿ. ಮಾರುವವರು ಗೊಣಗಿದರೆ ಬೇರೆ ಅಂಗಡಿ ನೋಡಿ. ಸೊಂಟಪಟ್ಟಿ ಬಿಗಿದ ಮೇಲೆ ಹೆಗಲಪಟ್ಟಿಯ ಕೆಳಗೆ ಒಂದು ಬೆರಳು ಸುಲಭವಾಗಿ ತೂರಬೇಕು. ಕೂತು ಏಳುವಾಗ ಪಟ್ಟಿ ತೊಡೆಗೆ ಚುಚ್ಚಬಾರದು. ಹೊರಡುವ ಮುಂಚೆ ಪೂರ್ತಿ ತುಂಬಿದ ಚೀಲದೊಡನೆ ಊರಲ್ಲೇ ಎರಡು ಮೂರು ಸಲ ಹತ್ತು ಹನ್ನೆರಡು ಕಿ.ಮೀ. ನಡೆದರೆ ಎಲ್ಲಿ ಉಜ್ಜುತ್ತದೆ ಎಂಬುದು ತಿಳಿದುಹೋಗುತ್ತದೆ.

ಆಮೇಲೂ ಒಂದು ಅವಕಾಶವಿದೆ. ತ್ರ್ಯಂಬಕದಿಂದ ಹೊರಟವರು ಮೊದಲ ದಿನದ ಸಂಜೆಗೇ ನಾಸಿಕ್ ಮುಟ್ಟುತ್ತಾರೆ. ಅಲ್ಲಿ ಚೀಲವನ್ನೊಮ್ಮೆ ಪೂರ್ತಿ ಸುರುವಿ, ಆ ದಿನ ಮುಟ್ಟದ ವಸ್ತುಗಳಲ್ಲಿ ಔಷಧಿ, ಬೆಚ್ಚನೆಯ ಬಟ್ಟೆ ಬಿಟ್ಟು ಉಳಿದದ್ದನ್ನೆಲ್ಲ ಮರುದಿನ ಬೆಳಿಗ್ಗೆ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಮಾಡಿ ಮನೆಗೆ ಕಳಿಸಿ. ಮುಂದೆ ನಿಫಾಡ್‌ನತ್ತ ಸಮತಟ್ಟು ರಸ್ತೆ, ಎರಡು ಕೆ.ಜಿ. ಕಡಿಮೆಯಾದದ್ದು ಮಧ್ಯಾಹ್ನದ ಹೊತ್ತಿಗೆ ಸೊಂಟಕ್ಕೆ ಗೊತ್ತಾಗುತ್ತದೆ.