ಕೊನೆಯವರು ಮರಳುವ ತನಕ

ಒಂದು ಸಂಘವನ್ನು ಹುಟ್ಟುಹಾಕುವುದು ಕಠಿಣವಾದ ಕೆಲಸವೆಂಬುದನ್ನು ಎಲ್ಲರೂ ಬಲ್ಲರು. ಹುಟ್ಟಿದ ಸಂಘವನ್ನು ಉಳಿಸಿಕೊಂಡು ಹೋಗುವುದು ಅದಕ್ಕಿಂತಲೂ ಕಠಿಣವೆಂಬುದನ್ನು ಅದರ ಹೊಣೆ ಹೊತ್ತವರು ಮಾತ್ರ ಬಲ್ಲರು. ಊರಿನ ತರುಣ ಸಂಘವನ್ನೋ ಮಹಿಳಾ ಮಂಡಳವನ್ನೋ ವಾಚನಾಲಯವನ್ನೋ ನಡೆಸಿದ ನಮ್ಮ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಉದ್ಘಾಟನೆಯ ದಿನ ಕುರ್ಚಿಗಳು ಸಾಲದಷ್ಟು ಜನ. ಕೆಲವು ವರ್ಷಗಳ ತರುವಾಯ ಬೀಗ ಹಾಕಿದ ಕೋಣೆ, ಗೋಡೆಯ ಮೇಲೆ ಬಣ್ಣ ಮಾಸಿದ ಫಲಕ.

ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಸಂಘಗಳ ಪಾಡು ಇನ್ನೂ ವಿಶಿಷ್ಟವಾದುದು. ಅಲ್ಲಿ ಸದಸ್ಯರು ಮೂರು-ನಾಲ್ಕು ವರ್ಷಗಳಲ್ಲಿ ಪದವಿ ಪಡೆದು ಹೊರಟುಹೋಗುತ್ತಾರೆ. ಹಿರಿಯರು ಹೋದಷ್ಟು ಕಿರಿಯರು ಬಾರದಿದ್ದರೆ, ಎಷ್ಟೇ ಹೆಸರು ಗಳಿಸಿದ ಸಂಘವಾದರೂ ಕೆಲವೇ ವರ್ಷಗಳಲ್ಲಿ ಬರಿದಾಗುತ್ತದೆ. ಬರುವವರನ್ನು ಕರೆಯುವುದು ಹೇಗೆ, ಬಂದವರನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು ಅಲ್ಲಿ ಪ್ರತಿವರ್ಷವೂ ಹೊಸದಾಗಿ ಏಳುವ ಪ್ರಶ್ನೆ. ಈ ಪ್ರಶ್ನೆಯನ್ನು ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿರುವ ಓರಿಯೆಂಟಿಯರಿಂಗ್ ಕ್ಲಬ್ಬುಗಳ ಮೂಲಕ ಪರಿಶೀಲಿಸಲು ನಾವು ಇಲ್ಲಿ ಬಯಸಿದ್ದೇವೆ. ನಮ್ಮ ಮನೆಗಳ ಮಕ್ಕಳು ಉಚ್ಚ ಶಿಕ್ಷಣಕ್ಕಾಗಿ ಆ ದೇಶಕ್ಕೆ ಹೋಗುತ್ತಿರುವುದರಿಂದ ಈ ವಿಷಯ ನಮಗೆ ಅಷ್ಟೇನೂ ದೂರದ್ದಲ್ಲ.

ಏನಿದು ಈ ಕ್ರೀಡೆ?

ಓರಿಯೆಂಟಿಯರಿಂಗ್ ಎಂದರೆ ಭೂಪಟ ಮತ್ತು ದಿಕ್ಸೂಚಿಗಳ ಸಹಾಯದಿಂದ ಅಪರಿಚಿತವಾದ ಕಾಡು, ಗುಡ್ಡ ಅಥವಾ ನಗರದೊಳಗೆ ದಾರಿ ಕಂಡುಕೊಂಡು ಓಡುವ ಸ್ಪರ್ಧೆ. ಕಿತ್ತಳೆ ಮತ್ತು ಬಿಳಿ ಬಣ್ಣದ ಚಿಕ್ಕ ಗುರುತುಗಳನ್ನು ಅಲ್ಲಲ್ಲಿ ಇಟ್ಟಿರುತ್ತಾರೆ. ಅವುಗಳನ್ನು ಗೊತ್ತುಪಡಿಸಿದ ಕ್ರಮದಲ್ಲಿ ಮುಟ್ಟಿ ಮರಳಬೇಕು. ಯಾವ ದಾರಿಯಿಂದ ಹೋಗಬೇಕೆಂಬುದನ್ನು ಯಾರೂ ಹೇಳುವುದಿಲ್ಲ. ಗುಡ್ಡವನ್ನು ಏರಿ ಇಳಿಯಬೇಕೋ, ಸುತ್ತಿ ಬರಬೇಕೋ ಎಂಬ ತೀರ್ಮಾನ ಓಟಗಾರನದೇ. ಭೂಪಟದಲ್ಲಿ ಕಂದು ರೇಖೆಗಳು ನೆಲದ ಏರಿಳಿತವನ್ನೂ, ನೀಲಿ ನೀರನ್ನೂ, ಹಳದಿ ಬಯಲನ್ನೂ, ಹಸಿರು ನುಗ್ಗಲಾಗದ ಪೊದೆಯನ್ನೂ ಸೂಚಿಸುತ್ತವೆ. ಸಲೀಸಾಗಿ ಓಡಬಹುದಾದ ಕಾಡಿಗೆ ಬಿಳಿಯ ಬಣ್ಣ. 1:10000 ಪ್ರಮಾಣದ ಪಟದಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ನೂರು ಮೀಟರ್. ನಮ್ಮ ಕಾಲೇಜುಗಳಲ್ಲಿ ಎನ್.ಸಿ.ಸಿ. ತರಬೇತಿ ಪಡೆದವರಿಗೆ ಭೂಪಟವನ್ನು ಓದುವುದು, ದಿಕ್ಸೂಚಿಯನ್ನು ಹಿಡಿಯುವುದು ಹೊಸದೇನೂ ಅಲ್ಲ. ಆ ವಿದ್ಯೆಗೆ ಓಟವನ್ನು ಸೇರಿಸಿದರೆ ಈ ಕ್ರೀಡೆಯ ಸ್ವರೂಪ ಮನಸ್ಸಿಗೆ ಬರುತ್ತದೆ.

ಇದರ ತವರು ಉತ್ತರ ಯುರೋಪು. 1897ರಲ್ಲಿಯೇ ನಾರ್ವೆಯ ಓಸ್ಲೋ ಸಮೀಪದಲ್ಲಿ ಸಾರ್ವಜನಿಕ ಸ್ಪರ್ಧೆಯೊಂದು ನಡೆದಿತ್ತು. ಆದರೆ ಇದಕ್ಕೆ ಇಂದಿನ ರೂಪವನ್ನು ಕೊಟ್ಟವರು ಸ್ವೀಡನ್ನಿನ ಮೇಜರ್ ಅರ್ನ್‌ಸ್ಟ್ ಕಿಲ್ಲಾಂಡರ್. ಅವರು ಸ್ಕೌಟ್ ನಾಯಕರೂ ಆಗಿದ್ದರು. ಮೈದಾನದ ಓಟದಲ್ಲಿ ತರುಣರ ಆಸಕ್ತಿ ಕುಂದುತ್ತಿರುವುದನ್ನು ಕಂಡು ಅವರು ಚಿಂತಿತರಾದರು. ತರುಣರನ್ನು ಬೈಯುತ್ತ ಕೂಡಲಿಲ್ಲ, ಮೈದಾನವನ್ನೇ ಬದಲಾಯಿಸಿದರು. ಸುತ್ತಿದಲ್ಲೇ ಸುತ್ತುವ ಓಟಕ್ಕೆ ಬದಲಾಗಿ ಕೈಗೆ ಪಟವನ್ನು ಕೊಟ್ಟು ಕಾಡಿಗೆ ಕಳುಹಿಸಿದರು. 1919ರ ಮಾರ್ಚ್ 25ರಂದು ಸ್ಟಾಕ್‌ಹೋಮ್ ಬಳಿ ಅವರು ನಡೆಸಿದ ಸ್ಪರ್ಧೆಗೆ ಸುಮಾರು 220 ಜನ ಬಂದರು. ದೂರ ಸರಿಯುತ್ತಿದ್ದ ಕಿರಿಯರನ್ನು ಮರಳಿ ಕರೆಯುವ ಉಪಾಯವಾಗಿಯೇ ಈ ಕ್ರೀಡೆ ಬೆಳೆಯಿತೆಂಬುದು ಗಮನಾರ್ಹ. ಮುಂದೆ 1961ರಲ್ಲಿ ಇದರ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪಿತವಾಯಿತು. 1966ರಲ್ಲಿ ಫಿನ್‌ಲ್ಯಾಂಡಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ಜರುಗಿತು. 1978ರಲ್ಲಿ ಅದೇ ದೇಶದಲ್ಲಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆಂದೇ ಪ್ರತ್ಯೇಕವಾದ ವಿಶ್ವ ಸ್ಪರ್ಧೆ ಆರಂಭವಾಯಿತು.

ಮೊದಲ ವಾರದ ಸಂತೆ

ಬ್ರಿಟನ್ನಿನಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಹೊಸ ವಿದ್ಯಾರ್ಥಿಗಳು ವಿಶ್ವವಿದ್ಯಾಲಯಕ್ಕೆ ಬಂದು ಸೇರುತ್ತಾರೆ. ಮೊದಲ ವಾರದಲ್ಲಿ ಎಲ್ಲ ಸಂಘಗಳೂ ಒಂದೇ ಕಡೆ ಮೇಜುಗಳನ್ನಿಟ್ಟು ಸದಸ್ಯರನ್ನು ಕರೆಯುವ ಜಾತ್ರೆಯೊಂದು ನಡೆಯುತ್ತದೆ. ಫುಟ್‌ಬಾಲ್, ದೋಣಿ ಸ್ಪರ್ಧೆ, ನಾಟಕ, ಸಂಗೀತ, ಚರ್ಚಾಕೂಟ ಮೊದಲಾದ ಹತ್ತಾರು ಸಂಘಗಳ ಕೂಗಾಟದ ನಡುವೆ ಓರಿಯೆಂಟಿಯರಿಂಗ್ ಎಂಬ ಹೆಸರನ್ನೇ ಕೇಳದ ಹುಡುಗ ಹುಡುಗಿಯರ ಗಮನವನ್ನು ಸೆಳೆಯುವುದು ಸುಲಭದ ಮಾತಲ್ಲ. ಎದುರಿಗೆ ಬಂದವರು ಸಾಮಾನ್ಯವಾಗಿ ಹೇಳುವ ಮಾತುಗಳು ಎರಡು: ನನಗೆ ಓಡಲು ಬಾರದು, ನಾನು ದಾರಿ ತಪ್ಪುತ್ತೇನೆ.

ಈ ಎರಡು ಮಾತುಗಳಿಗೆ ಕರಪತ್ರದಿಂದ ಉತ್ತರ ಕೊಡಲಾಗದು. ಬುದ್ಧಿವಂತ ಕ್ಲಬ್ಬು ಮೇಜಿನ ಮೇಲೆ ಪದಕಗಳನ್ನು ಮೆರೆಸುವುದಕ್ಕಿಂತ ಒಂದು ಪಟವನ್ನು ಹರಡುತ್ತದೆ. ಆ ಪಟ ದೂರದ ಕಾಡಿನದಾಗಿರದೆ ವಿಶ್ವವಿದ್ಯಾಲಯದ ಆವರಣದ್ದೇ ಆಗಿದ್ದರೆ ಇನ್ನೂ ಒಳ್ಳೆಯದು. ಹೊಸ ಊರಿನಲ್ಲಿ ಗ್ರಂಥಾಲಯವೆಲ್ಲಿ, ಭೋಜನಶಾಲೆಯೆಲ್ಲಿ ಎಂದು ತಡವರಿಸುತ್ತಿರುವ ವಿದ್ಯಾರ್ಥಿಗೆ ಆ ಪಟದಲ್ಲಿ ತನ್ನ ಕೋಣೆಯೇ ಕಾಣಿಸುತ್ತದೆ. ಅದೇ ದಿನ ಅರ್ಧ ಗಂಟೆಯಲ್ಲಿ ನಡೆದೇ ಮುಗಿಸಬಹುದಾದ ಚಿಕ್ಕ ಸುತ್ತೊಂದನ್ನು ಇಟ್ಟರೆ, ಬಾರದೆಂದುಕೊಂಡ ವಿದ್ಯೆ ತನಗೂ ಬರುವುದೆಂಬ ಧೈರ್ಯ ಆತನಲ್ಲಿ ಮೂಡುತ್ತದೆ. ಮೊದಲ ದಿನವೇ ವರ್ಷದ ವಂತಿಗೆಯನ್ನು ಕೇಳದಿರುವುದು, ದಿಕ್ಸೂಚಿಯನ್ನು ಎರವಲು ಕೊಡುವುದು, ಮುಂದಿನ ಸೇರುವಿಕೆಯ ದಿನ, ವೇಳೆ ಮತ್ತು ಸ್ಥಳವನ್ನು ಅಲ್ಲಿಯೇ ಸ್ಪಷ್ಟವಾಗಿ ತಿಳಿಸುವುದು ಇವು ಚಿಕ್ಕ ಸಂಗತಿಗಳೆಂದು ತೋರಿದರೂ ಫಲದಲ್ಲಿ ದೊಡ್ಡವು. ಸ್ಪರ್ಧೆ ನಡೆಯುವ ಕಾಡುಗಳು ಊರಿನಿಂದ ದೂರವಿರುವುದರಿಂದ, ಸ್ವಂತ ವಾಹನವಿಲ್ಲದ ವಿದ್ಯಾರ್ಥಿಯನ್ನು ಕರೆದೊಯ್ಯುವ ವ್ಯವಸ್ಥೆಯನ್ನೂ ಕ್ಲಬ್ಬು ಮಾಡಬೇಕಾಗುತ್ತದೆ. ಸೀಟು ಇಲ್ಲವೆಂಬ ಒಂದೇ ಕಾರಣದಿಂದ ಹಿಂದುಳಿದವನು ಮುಂದಿನ ವಾರ ಕೇಳುವುದಕ್ಕೂ ಬಾರದಿರಬಹುದು.

ನವೆಂಬರಿನ ಪರೀಕ್ಷೆ

ಹೀಗೆ ಹೆಸರು ಬರೆಸಿದವರ ಪಟ್ಟಿ ಉದ್ದವಾಗಬಹುದು. ಆದರೆ ಪಟ್ಟಿಯ ಉದ್ದವನ್ನು ಕಂಡು ಬೀಗುವ ಕ್ಲಬ್ಬು ಮೋಸಹೋಗುತ್ತದೆ. ನಿಜವಾದ ಪರೀಕ್ಷೆ ನವೆಂಬರಿನಲ್ಲಿ. ಆಗ ಸ್ಕಾಟ್‌ಲ್ಯಾಂಡಿನಲ್ಲಿ ಸಂಜೆ ನಾಲ್ಕರ ಸುಮಾರಿಗೆ ಕತ್ತಲಾಗುತ್ತದೆ. ಮಳೆ, ಚಳಿ, ಕೆಸರು. ಅಭ್ಯಾಸ ನಡೆಯುವುದು ಹಣೆಗೆ ಕಟ್ಟಿಕೊಂಡ ದೀಪದ ಬೆಳಕಿನಲ್ಲಿ. ಅದೇ ವೇಳೆಗೆ ಓದು-ಬರಹಗಳ ಭಾರವೂ ಏರುತ್ತದೆ. ಉತ್ಸಾಹದಿಂದ ಬಂದವರು ಒಬ್ಬೊಬ್ಬರಾಗಿ ಕಾಣೆಯಾಗುವ ಕಾಲವಿದು.

ಅವರು ಹೋಗುವುದು ಚಳಿಗಾಗಿ ಮಾತ್ರವೇ? ಹಾಗೆಂದು ನಮಗನಿಸುವುದಿಲ್ಲ. ಈ ಕ್ರೀಡೆ ಬ್ರಿಟನ್ನಿನಲ್ಲಿ ಬಹುಮಟ್ಟಿಗೆ ಕುಟುಂಬಗಳಲ್ಲಿ ಬೆಳೆದು ಬಂದುದು. ಬಾಲ್ಯದಿಂದಲೂ ತಂದೆ-ತಾಯಿಯರೊಡನೆ ಕಾಡು ಸುತ್ತಿದ ಹುಡುಗರು ವಿಶ್ವವಿದ್ಯಾಲಯಕ್ಕೆ ಬರುವಾಗಲೇ ನುರಿತವರಾಗಿರುತ್ತಾರೆ. ಒಬ್ಬರನ್ನೊಬ್ಬರು ಮೊದಲೇ ಬಲ್ಲವರಾಗಿರುತ್ತಾರೆ. ಅವರ ನಡುವೆ ಪಟವನ್ನು ಯಾವ ಕಡೆ ತಿರುಗಿಸಬೇಕೆಂಬುದನ್ನೂ ಅರಿಯದ ಹುಡುಗಿಯೊಬ್ಬಳು ಬಂದಳೆಂದು ಭಾವಿಸೋಣ. ಒಬ್ಬಳೇ ಕಾಡನ್ನು ಪ್ರವೇಶಿಸುತ್ತಾಳೆ. ಮೂರನೆಯ ಗುರುತು ಸಿಗುವುದಿಲ್ಲ. ಇಪ್ಪತ್ತು ನಿಮಿಷ ಒಂದೇ ದಿಬ್ಬದ ಸುತ್ತ ತಿರುಗುತ್ತಾಳೆ. ಒದ್ದೆ ಕಾಲುಗಳಿಂದ ಎಲ್ಲರಿಗಿಂತ ಕೊನೆಯಲ್ಲಿ ಮರಳಿ ಬಂದಾಗ ಉಳಿದವರು ತಮ್ಮತಮ್ಮ ಓಟದ ಚರ್ಚೆಯಲ್ಲಿ ಮುಳುಗಿದ್ದರೆ, ಅವಳು ಯಾರಿಗೂ ಏನನ್ನೂ ಹೇಳದೆ ಕೋಣೆಗೆ ಹೋಗುತ್ತಾಳೆ. ಮುಂದಿನ ವಾರ ಬರುವುದಿಲ್ಲ. ಕ್ಲಬ್ಬಿನವರು ಅವಳಿಗೆ ಆಸಕ್ತಿ ಇರಲಿಲ್ಲವೆಂದು ಬರೆದುಕೊಳ್ಳುತ್ತಾರೆ. ಆದರೆ ಅವಳಿಗೆ ಇಲ್ಲವಾದುದು ಆಸಕ್ತಿಯಲ್ಲ, ಆಸರೆ.

ಇದಕ್ಕೆ ಪರಿಹಾರ ಕ್ರೀಡೆಯೊಳಗೇ ಇದೆ. ಬ್ರಿಟನ್ನಿನಲ್ಲಿ ಓಟದ ಮಾರ್ಗಗಳನ್ನು ಬಣ್ಣಗಳ ಹೆಸರಿನಿಂದ ಶ್ರೇಣೀಕರಿಸಿದ್ದಾರೆ. ಬಿಳಿ ಮತ್ತು ಹಳದಿ ಅತಿ ಸುಲಭ. ಕಿತ್ತಳೆ ಅದರ ಮೇಲಿನ ಮೆಟ್ಟಿಲು. ಹಸಿರು, ನೀಲಿ, ಕಂದು, ಕಪ್ಪು ನುರಿತವರಿಗಾಗಿ. ಹೊಸಬರನ್ನು ಅವರ ಯೋಗ್ಯತೆಗೆ ತಕ್ಕ ಬಣ್ಣದಿಂದಲೇ ಆರಂಭಿಸಬೇಕು. ಮೊದಲ ಕೆಲವು ವಾರ ಅನುಭವಿಯೊಬ್ಬರು ಹಿಂದಿನಿಂದ ಜೊತೆಗೆ ನಡೆಯಬೇಕು. ದಾರಿ ತೋರುವುದಕ್ಕಲ್ಲ, ಕೇಳಿದಾಗ ಮಾತನಾಡುವುದಕ್ಕೆ. ಓಟ ಮುಗಿದ ಮೇಲೆ ಪಟವನ್ನು ಮಧ್ಯದಲ್ಲಿಟ್ಟು, ಎಲ್ಲಿ ತಪ್ಪಿದೆ ಎಂದು ಹಿರಿಯನೇ ತನ್ನ ತಪ್ಪನ್ನು ಮೊದಲು ಹೇಳಬೇಕು. ವಿಶ್ವದರ್ಜೆಯ ಓಟಗಾರರೂ ಕಾಡಿನಲ್ಲಿ ದಾರಿ ತಪ್ಪುತ್ತಾರೆಂದು ತಿಳಿದ ಕೂಡಲೇ ಹೊಸಬನ ಅರ್ಧ ನಾಚಿಕೆ ಕಳೆದುಹೋಗುತ್ತದೆ.

ಇನ್ನೊಂದು ಮಾತು. ಅಲ್ಲಿಯ ವಿದ್ಯಾರ್ಥಿ ಸಂಘಗಳ ಸಂಜೆಯ ಕೂಟಗಳು ಅನೇಕ ವೇಳೆ ಪಾನಗೃಹಗಳಲ್ಲಿ ನಡೆಯುತ್ತವೆ. ನಮ್ಮ ಮನೆಗಳಿಂದ ಹೋದ ಮಕ್ಕಳಂತೆ ಮದ್ಯವನ್ನು ಮುಟ್ಟದವರೂ, ಮಾಂಸಾಹಾರವನ್ನು ಒಲ್ಲದವರೂ ಅಂಥ ಕೂಟಗಳಿಂದ ತಾವಾಗಿಯೇ ದೂರ ಉಳಿಯುತ್ತಾರೆ. ಕ್ರಮೇಣ ಕ್ಲಬ್ಬಿನಿಂದಲೂ ದೂರವಾಗುತ್ತಾರೆ. ಅಭ್ಯಾಸದ ತರುವಾಯ ಯಾರದೋ ಮನೆಯಲ್ಲಿ ಎಲ್ಲರೂ ಸೇರಿ ಬೇಯಿಸಿದ ಸರಳವಾದ ಊಟ, ಬಿಸಿ ಚಹ, ಒಂದು ತುಂಡು ಕೇಕು ಇದ್ದರೆ ಸಾಕು, ಯಾರೂ ಹೊರಗಿನವರಾಗಿ ಉಳಿಯುವುದಿಲ್ಲ. ಪಂಕ್ತಿಯಲ್ಲಿ ಕುಳಿತು ಉಂಡವನು ಪರಕೀಯನಾಗಲಾರನೆಂಬುದು ನಮಗೆ ಹಳೆಯ ಅನುಭವ.

ಎಡಿನ್‌ಬರೋದ ನಿದರ್ಶನ

ಸ್ಕಾಟ್‌ಲ್ಯಾಂಡಿನ ರಾಜಧಾನಿಯಾದ ಎಡಿನ್‌ಬರೋ ವಿಶ್ವವಿದ್ಯಾಲಯದ ಕ್ಲಬ್ಬು ಬ್ರಿಟನ್ನಿನ ಪ್ರಬಲ ವಿದ್ಯಾರ್ಥಿ ಕ್ಲಬ್ಬುಗಳಲ್ಲಿ ಒಂದು. ನಿಸರ್ಗವೂ ಅದಕ್ಕೆ ನೆರವಾಗಿದೆ. ನಗರದ ನಡುವೆಯೇ ಹೋಲಿರೂಡ್ ಉದ್ಯಾನದಲ್ಲಿ 251 ಮೀಟರ್ ಎತ್ತರದ ಆರ್ಥರ್ಸ್ ಸೀಟ್ ಎಂಬ ಗುಡ್ಡವಿದೆ. ಹಳೆಯ ಪಟ್ಟಣದ ಇಕ್ಕಟ್ಟಾದ ಓಣಿಗಳೂ ಮೆಟ್ಟಿಲುಗಳೂ ನಗರದ ಓಟಕ್ಕೆ ಹೇಳಿ ಮಾಡಿಸಿದಂತಿವೆ. 2024ರ ಜುಲೈ ತಿಂಗಳಲ್ಲಿ ಕಿರು ಅಂತರದ ಓಟಗಳ ವಿಶ್ವ ಚಾಂಪಿಯನ್‌ಷಿಪ್ ಇದೇ ನಗರದಲ್ಲಿ ಜರುಗಿತು. ಇಲ್ಲಿಯ ವಿದ್ಯಾರ್ಥಿಗಳು ಚಳಿಗಾಲದಲ್ಲಿ ‘ಬಿಗ್ ವೀಕೆಂಡ್’ ಎಂಬ ಹೆಸರಿನಲ್ಲಿ, ಹೊರಗಿನವರನ್ನೂ ಆಹ್ವಾನಿಸಿ, ನಗರದಲ್ಲಿಯೂ ಗುಡ್ಡದ ಮೇಲೂ ಸ್ಪರ್ಧೆಗಳನ್ನು ತಾವೇ ನಡೆಸಿಕೊಂಡು ಬಂದಿದ್ದಾರೆ.

ಇಂಥ ಕಾರ್ಯಕ್ರಮದ ಮಹತ್ವ ಬಂದ ಸ್ಪರ್ಧಾಳುಗಳ ಸಂಖ್ಯೆಯಲ್ಲಿ ಮಾತ್ರವಿಲ್ಲ. ಗುರುತುಗಳನ್ನು ಇಡಲು, ಹೆಸರು ನೋಂದಾಯಿಸಲು, ವೇಳೆ ಬರೆದುಕೊಳ್ಳಲು, ಚಹ ಹಂಚಲು ಅನೇಕ ಕೈಗಳು ಬೇಕು. ವೇಗವಾಗಿ ಓಡಲಾರದವನಿಗೂ ಅಲ್ಲೊಂದು ಕಾಯಕವಿದೆ. ಕೆಲಸವೊಂದು ಕೈಗೆ ಬಂದ ದಿನ ಹೊಸಬನು ಅತಿಥಿಯಾಗಿ ಉಳಿಯದೆ ಮನೆಯವನಾಗುತ್ತಾನೆ. ರಿಲೇ ಸ್ಪರ್ಧೆಯೂ ಇದೇ ಕೆಲಸವನ್ನು ಮಾಡುತ್ತದೆ. ತಂಡ ಪೂರ್ಣವಾಗಬೇಕಾದರೆ ನೀನು ಬೇಕು ಎಂಬ ಮಾತಿಗಿರುವ ಶಕ್ತಿ ಯಾವ ಜಾಹೀರಾತಿಗೂ ಇಲ್ಲ.

ಆದರೆ ಬಲಿಷ್ಠ ಕ್ಲಬ್ಬಿಗೊಂದು ಅಪಾಯವೂ ಉಂಟು. ಗೆಲ್ಲುವವರನ್ನೇ ನೋಡುತ್ತ ಹೋದರೆ ಕಲಿಯುವವರು ಕಣ್ಣಿಗೆ ಬೀಳುವುದಿಲ್ಲ. ಪದಕ ತಂದವರು ಪದವಿ ಪಡೆದು ಹೋದ ಮೇಲೆ ಮುಂದಿನ ವರ್ಷದ ಮೇಜಿನ ಹಿಂದೆ ನಿಲ್ಲುವವರು ಅಂದು ಕಿತ್ತಳೆ ಮಾರ್ಗದಲ್ಲಿ ತಡವರಿಸಿದವರೇ. ಆದುದರಿಂದ ಹೊಣೆಯನ್ನು ವರ್ಷದ ಕೊನೆಯಲ್ಲಿ ಅವಸರದಿಂದ ಹಸ್ತಾಂತರಿಸದೆ, ಎರಡನೆಯ ವರ್ಷದವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕಲಿಸುವುದು ಲೇಸು.

ಒಂದು ನಿಯಮ, ಒಂದು ಪಾಠ

ಈ ಕ್ರೀಡೆಯಲ್ಲಿ ಒಂದು ನಿಯಮವಿದೆ. ಓಟವನ್ನು ಮುಗಿಸಿದವನಿರಲಿ, ಅರ್ಧಕ್ಕೆ ಬಿಟ್ಟವನಿರಲಿ, ಪ್ರತಿಯೊಬ್ಬನೂ ಮುಕ್ತಾಯದ ಸ್ಥಳಕ್ಕೆ ಬಂದು ತಾನು ಮರಳಿರುವುದನ್ನು ತಿಳಿಸಲೇಬೇಕು. ಎಲ್ಲರ ಲೆಕ್ಕ ಸಿಗುವವರೆಗೆ ಆಯೋಜಕರು ಅಲ್ಲಿಂದ ಕದಲುವಂತಿಲ್ಲ. ಒಬ್ಬನ ಲೆಕ್ಕ ಸಿಗದಿದ್ದರೂ ಅವನನ್ನು ಹುಡುಕಲು ಕಾಡಿಗೆ ಹೋಗಬೇಕು. ಗೆದ್ದವನು ಯಾರೆಂಬುದಕ್ಕಿಂತ ಬಾರದೆ ಉಳಿದವನು ಯಾರೆಂಬ ಪ್ರಶ್ನೆ ಅಲ್ಲಿ ದೊಡ್ಡದು.

ಕಾಡಿನ ಈ ನಿಯಮವನ್ನು ಕ್ಲಬ್ಬಿನ ಬಾಳಿಗೂ ಅನ್ವಯಿಸಿಕೊಂಡರೆ ಸದಸ್ಯರನ್ನು ಉಳಿಸಿಕೊಳ್ಳುವ ಗುಟ್ಟು ಬೇರೆ ಬೇಕಿಲ್ಲ. ಈ ವಾರ ಯಾರು ಬರಲಿಲ್ಲ? ಅವರ ಹೆಸರೇನು? ಅವರನ್ನು ಕಂಡು ಮಾತನಾಡಿದವರು ಯಾರು? ಗದರಿಸಲು ಅಲ್ಲ, ಕ್ಷೇಮವನ್ನು ಕೇಳಲು. ಪರವೂರಿನ ಕೋಣೆಯಲ್ಲಿ ಒಂಟಿಯಾಗಿ ಕುಳಿತ ಹದಿನೆಂಟರ ಹುಡುಗನಿಗೆ ನಿನ್ನೆ ನೀನು ಬರಲಿಲ್ಲವಲ್ಲ ಎಂಬ ಒಂದು ಮಾತು ಬಂದರೆ, ಆ ಊರಿನಲ್ಲಿ ತನ್ನನ್ನು ಎಣಿಸುವವರು ಇದ್ದಾರೆಂಬ ಭರವಸೆ ಹುಟ್ಟುತ್ತದೆ. ಅವನು ಉಳಿಯುವುದು ಆ ಭರವಸೆಗಾಗಿ. ಕಾಡೂ ಪಟವೂ ಅನಂತರದವು.

ಮಕ್ಕಳನ್ನು ದೂರದ ಊರಿಗೆ ಕಳುಹಿಸಿದ ತಂದೆ-ತಾಯಿಯರಿಗೆ ನಮ್ಮದೊಂದು ಬಿನ್ನಹ. ಮುಂದಿನ ಸಲ ಫೋನಿನಲ್ಲಿ ಮಾತನಾಡುವಾಗ ಅಂಕಗಳನ್ನೂ ಹವೆಯನ್ನೂ ವಿಚಾರಿಸಿದ ಮೇಲೆ, ಈ ವಾರ ಯಾರ ಜೊತೆ ಊಟ ಮಾಡಿದೆ ಎಂದೂ ಕೇಳಿರಿ. ಯಾವುದಾದರೂ ಸಂಘದ ಬಾಗಿಲನ್ನು ಒಮ್ಮೆ ತಟ್ಟಲು ಧೈರ್ಯ ಕೊಡಿರಿ. ಮೊದಲ ದಿನ ದಾರಿ ತಪ್ಪಿದರೆ ಎರಡನೆಯ ದಿನವೂ ಹೋಗೆಂದು ಹೇಳಿರಿ. ಊರಿನಲ್ಲಿ ನಾವು ನಡೆಸುವ ಸಂಘಗಳಲ್ಲಿಯೂ, ಮುಂದಿನ ಸಾಲಿನಲ್ಲಿ ಕುಳಿತವರನ್ನು ಸನ್ಮಾನಿಸುವ ಮೊದಲು, ಹಿಂದಿನ ಸಾಲಿನಿಂದ ಎದ್ದು ಹೋದವರು ಯಾರೆಂದು ಒಮ್ಮೆ ತಿರುಗಿ ನೋಡೋಣ. ಕೊನೆಯವರು ಮರಳುವ ತನಕ ದೀಪವನ್ನು ಆರಿಸದ ಮನೆಗೆ ಜನ ತಾವಾಗಿಯೇ ಬರುತ್ತಾರೆ.