ಸಾಲವು ಕೆಡುವ ಬಗೆ

ಸಾಲವು ತೀರದಿದ್ದರೆ ಸಾಲಗಾರನನ್ನು ದೂಷಿಸುವುದು ಲೋಕರೂಢಿ. ಆತನು ದುಂದುಗಾರನೋ ವಂಚಕನೋ ಆಗಿದ್ದಲ್ಲಿ ಅದು ಯುಕ್ತವೂ ಹೌದು. ಆದರೆ ಸೊರಬ ತಾಲ್ಲೂಕಿನ ಕ್ಯಾಸನೂರಿನ ಸೀಮೆಯಲ್ಲಿ ಭತ್ತದ ಗದ್ದೆಯನ್ನೂ ಅಡಕೆಯ ತೋಟವನ್ನೂ ನಂಬಿ ಬಾಳುವ ಗೃಹಸ್ಥನನ್ನು ವಾಚಕರು ನೋಡಬೇಕು. ಆತನು ಸಹಕಾರ ಸಂಘದಲ್ಲಿ ಸಾಲವೆತ್ತಿ, ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣವನ್ನು ಹೊಡೆಯಿಸಿ, ಕೊಯ್ಲಿನ ಹಣದಿಂದ ಋಣವನ್ನು ತೀರಿಸುವೆನೆಂದು ಎಣಿಸಿರುವನು. ಮಳೆ ಬಿಡದೆ ಹಿಡಿದರೆ ಕಾಯಿ ಉದುರುವುದು. ಬೆಳೆ ಕೈಗೆ ಬಂದ ವರುಷ ಧಾರಣೆ ಬೀಳುವುದು. 2000ದ ಆಚೀಚಿನ ವರುಷಗಳಲ್ಲಿ ಅಡಕೆಯ ಧಾರಣೆ ಕುಸಿದಾಗ ಮಿತವ್ಯಯಿಗಳಾದ ಬೆಳೆಗಾರರೂ ಸಂಕಟಕ್ಕೆ ಸಿಕ್ಕಿದರು.

ಅಪಾಯಕ್ಕೆ ತಕ್ಕ ಬಡ್ಡಿಯೆಂಬ ವಿಚಾರವು ಹೊಸದಲ್ಲ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ನೂರು ಪಣಗಳಿಗೆ ತಿಂಗಳಿಗೆ ಒಂದೂಕಾಲು ಪಣವನ್ನು ಧರ್ಮ್ಯವಾದ ಬಡ್ಡಿಯೆಂದು ವಿಧಿಸಿ, ವ್ಯಾಪಾರಿಗೆ ಐದು, ಕಾಡುದಾರಿಯವನಿಗೆ ಹತ್ತು, ಸಮುದ್ರಯಾನದವನಿಗೆ ಇಪ್ಪತ್ತು ಎಂದಿರುವನು. (ಮಲೆನಾಡಿನವರಾದ ನಮಗೆ ಯಾವ ದರವನ್ನು ಹಾಕುತ್ತಿದ್ದನೋ!) ಆದರೆ ಒಬ್ಬನ ಹಡಗು ಮುಳುಗಿದರೂ ಮತ್ತೊಬ್ಬನದು ದಡ ಸೇರೀತು. ಧಾರಣೆಯಾದರೋ ಎಲ್ಲರ ತೋಟಕ್ಕೂ ಒಟ್ಟಿಗೆ ಬೀಳುವುದು. ಆಗ ಅಡವಿಟ್ಟ ತೋಟವನ್ನು ಹರಾಜಿಗೆ ತಂದರೂ ಕೊಳ್ಳುವವರಾರು? ಕೊಳ್ಳಬೇಕಾದ ನೆರೆಯವನ ಕೈಯೂ ಬರಿದಾಗಿರುವುದು.

ದೊಡ್ಡ ಬ್ಯಾಂಕುಗಳ ಗತಿಯೂ ಇದೇ. 1861ರಿಂದ 1865ರವರೆಗೆ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದೆ, ಧಾರವಾಡ ಸೀಮೆಯ ಹತ್ತಿಗೂ ಚಿನ್ನದಂಥ ಬೆಲೆ ಬಂದಿತು. ಆ ಹಣದ ಅಮಲಿನಲ್ಲಿ ಮುಂಬಯಿಯಲ್ಲಿ ಹೊಸ ಹೊಸ ಕಂಪನಿಗಳು ಹುಟ್ಟಿದುವು. ಯುದ್ಧ ಮುಗಿದೊಡನೆ ಬೆಲೆ ಇಳಿಯಿತು. ಷೇರುಗಳ ಆಧಾರದ ಮೇಲೆ ಧಾರಾಳವಾಗಿ ಸಾಲ ಕೊಟ್ಟಿದ್ದ ಬ್ಯಾಂಕ್ ಆಫ್ ಬಾಂಬೆಯು 1868ರಲ್ಲಿ ಮುಚ್ಚಿಹೋಯಿತು. ಕೆಟ್ಟ ವರುಷದಲ್ಲಿ ಬಯಲಾಗುವ ಸಾಲವು ಪ್ರಾಯಶಃ ಒಳ್ಳೆಯ ವರುಷದಲ್ಲಿ ಕೊಟ್ಟದ್ದೇ ಆಗಿರುವುದು.

ಈಚಿನ ಕಾಲದಲ್ಲಿ ಉಕ್ಕು, ವಿದ್ಯುತ್ತು, ಹೆದ್ದಾರಿಗಳಿಗೆ ಉತ್ಸಾಹದಿಂದ ಕೊಟ್ಟ ಸಾಲಗಳೂ ಹೀಗೆಯೇ ಕೆಟ್ಟುವು. 2015ರಲ್ಲಿ ರಿಜರ್ವ್ ಬ್ಯಾಂಕು ಲೆಕ್ಕಗಳನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಲು, ಮರೆಯಲ್ಲಿದ್ದುದು ಹೊರಬಿದ್ದಿತು. 2018ರ ಮಾರ್ಚಿಯಲ್ಲಿ ವಾಣಿಜ್ಯ ಬ್ಯಾಂಕುಗಳ ಸಾಲದಲ್ಲಿ ನೂರಕ್ಕೆ ಸುಮಾರು 11 ಪಾಲು ಕೆಟ್ಟ ಸಾಲವಾಗಿದ್ದಿತು. 2024ರ ಮಾರ್ಚಿಗೆ ಅದು 2.8ಕ್ಕೆ ಇಳಿದಿತ್ತು. ಈ ಇಳಿತದಲ್ಲಿ ವಸೂಲಿಯದೊಂದು ಪಾಲು, ಲೆಕ್ಕದಿಂದ ತೆಗೆದುಹಾಕಿದ್ದೊಂದು ಪಾಲು. ಸಾಧಾರಣ ಸಾಲದ ಕಂತು 90 ದಿನ ಮೀರಿ ನಿಂತರೆ ಅದು ಕೆಟ್ಟ ಸಾಲದ ಪಟ್ಟಿಗೆ ಸೇರುವುದು. ಅಲ್ಪಾವಧಿಯ ಬೆಳೆಯ ಸಾಲಕ್ಕೆ ಎರಡು ಹಂಗಾಮುಗಳ ಅವಕಾಶವುಂಟು. ಬೇಸಾಯಗಾರನ ಆದಾಯವು ತಿಂಗಳ ಸಂಬಳವಲ್ಲವೆಂಬುದನ್ನು ಈ ನಿಯಮವಾದರೂ ಅರಿತಿರುವುದು.

ಸಾಲವನ್ನೇ ಮಾಡದ ಗೃಹಸ್ಥನಿಗೆ ಇದರಿಂದೇನೆಂದರೆ, ಬ್ಯಾಂಕು ಕೊಡುವುದು ಆತನ ಠೇವಣಿಯನ್ನೇ. 2020ರ ಫೆಬ್ರವರಿ 4ರಂದು ಬ್ಯಾಂಕು ಠೇವಣಿಯ ವಿಮೆಯನ್ನು 1 ಲಕ್ಷದಿಂದ 5 ಲಕ್ಷ ರೂಪಾಯಿಗಳಿಗೆ ಏರಿಸಿದರು. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘದಲ್ಲಿಟ್ಟ ಹಣಕ್ಕಾದರೋ ಆ ವಿಮೆಯಿಲ್ಲ. ಅಲ್ಲಿ ಠೇವಣಿಯಿಟ್ಟವರೂ ಸಾಲವೆತ್ತಿದವರೂ ಒಂದೇ ಧಾರಣೆಯನ್ನು ನೆಚ್ಚಿದವರು. ಆದಕಾರಣ ಸದಸ್ಯರು ವಾರ್ಷಿಕ ಸಭೆಗೆ ಹೋಗಿ, ಸುಸ್ತಿ ಸಾಲವೆಷ್ಟು, ಆಪದ್ಧನವೆಷ್ಟು, ಒಂದೇ ಬೆಳೆಯ ಮೇಲೆ ಕೊಟ್ಟಿರುವುದೆಷ್ಟು ಎಂದು ಕೇಳಬೇಕು. ಅದನ್ನೂ ಧಾರಣೆ ಚೆನ್ನಾಗಿರುವ ವರುಷದಲ್ಲಿಯೇ ಕೇಳಬೇಕು.